ಅಪ್ಪ ತೀರಿಕೊಂಡ ವರ್ಷ ನಾನು 173 ದಿನ ಕೆನಡಾದಲ್ಲಿ ಇರಲಿಲ್ಲ

ಕೆನಡಾದ ಪೌರತ್ವಕ್ಕೆ ಅರ್ಜಿ ಹಾಕುವವರು ಆನ್‌ಲೈನಲ್ಲಿ ಒಂದು ಪಟ್ಟಿ ತುಂಬಬೇಕು. ಯಾವ ದಿನ ದೇಶ ಬಿಟ್ಟಿರಿ, ಯಾವ ದಿನ ವಾಪಸ್ ಬಂದಿರಿ, ಎಲ್ಲಿಗೆ, ಯಾಕೆ. ನನ್ನ ಪಟ್ಟಿಯಲ್ಲಿ ಇದ್ದದ್ದು ಎರಡೇ ಸಾಲು. ಅದರಲ್ಲೊಂದು: 2021 ಏಪ್ರಿಲ್ 9ರಿಂದ ಸೆಪ್ಟೆಂಬರ್ 30, ಭಾರತ, ಕಾರಣ ‘ಕುಟುಂಬ’. ಅಪ್ಪನಿಗೆ ಆಕ್ಸಿಜನ್ ಬೆಡ್ ಹುಡುಕಿದ್ದು, ತಿಪಟೂರಿನಿಂದ ತುಮಕೂರಿಗೆ ಓಡಿದ ಆಂಬುಲೆನ್ಸು, ಮುಖ ನೋಡಲೂ ಬಿಡದೆ ಜಿಪ್ ಎಳೆದಿದ್ದ ಚೀಲ, ಬರಲು ಹೆದರಿದ ಪುರೋಹಿತರು ಫೋನಿನಲ್ಲೇ ಹೇಳಿಕೊಟ್ಟ ಮಂತ್ರ, ಎಲ್ಲ ಸೇರಿ ‘ಕುಟುಂಬ’. ಆ ಸಾಲಿನ ಲೆಕ್ಕ ತಾನೇ ಕೂಡಿಕೊಂಡು ಬಂತು. 173 ದಿನ ಗೈರು.

ಇದನ್ನೆಲ್ಲ ಈಗ ನೆನಪಿಸಿಕೊಂಡದ್ದು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹೋದ ವಾರ ನಡೆದ ಜಗಳದಿಂದ. ಗೆಳೆಯರೊಬ್ಬರು ಅಮ್ಮನ ಆರೈಕೆಗೆಂದು ಊರಿಗೆ ಹೋಗಿ ಎಂಟು ತಿಂಗಳು ಇದ್ದು ಬಂದಿದ್ದಾರೆ. ಪೌರತ್ವದ ಅರ್ಜಿ ಅಷ್ಟೇ ಹಿಂದಕ್ಕೆ ಹೋಯಿತು. ‘ಮನೆ ಇಲ್ಲಿದೆ, ಟ್ಯಾಕ್ಸ್ ಇಲ್ಲಿ ಕಟ್ಟುತ್ತೇನೆ, ಮಕ್ಕಳು ಇಲ್ಲಿ ಓದುತ್ತಿದ್ದಾರೆ. ಇವರಿಗೆ ಕಾಣುವುದು ದೇಹ ಎಲ್ಲಿತ್ತು ಅನ್ನುವುದೊಂದೇ. ಈ ಕಾನೂನಿಗೆ ಹೃದಯವೇ ಇಲ್ಲ’ ಅಂತ ಬರೆದಿದ್ದರು. ಸಾಲುಸಾಲು ಕೈಮುಗಿದ ಇಮೋಜಿ. ನಾನು ಅಲ್ಲಿ ಏನೂ ಬರೆಯಲಿಲ್ಲ, ದುಃಖದಲ್ಲಿರುವವರ ಹತ್ತಿರ ವಾದ ಮಾಡಬಾರದು. ಆದರೆ ನನಗೆ ಅನ್ನಿಸಿದ್ದು ಬೇರೆ. ಕಾನೂನಿಗೆ ಹೃದಯ ಇಲ್ಲದೇ ಇರುವುದೇ ಒಳ್ಳೆಯದು. ಯಾಕೆ ಅಂತ ಇಲ್ಲಿ ಬರೆಯುತ್ತೇನೆ, ಸ್ವಲ್ಪ ಉದ್ದ ಇದೆ.

ಮೊದಲು ಗೊತ್ತಿಲ್ಲದವರಿಗೆ ನಿಯಮ. ಅರ್ಜಿಗೆ ಸಹಿ ಹಾಕುವ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸಬೇಕು. ಅದರಲ್ಲಿ 1,095 ದಿನ ನೀವು ಕೆನಡಾದ ನೆಲದ ಮೇಲೆ ಇದ್ದಿರಬೇಕು. ಪಿಆರ್ (ಕಾಯಂ ನಿವಾಸಿ) ಆಗುವ ಮುಂಚೆ ಸ್ಟೂಡೆಂಟ್ ಆಗಿಯೋ ವರ್ಕ್ ಪರ್ಮಿಟ್‌ನಲ್ಲೋ ಇದ್ದ ಪ್ರತಿ ದಿನಕ್ಕೆ ಅರ್ಧ ದಿನದ ಲೆಕ್ಕ, ಅದೂ ಒಟ್ಟು 365 ದಾಟುವಂತಿಲ್ಲ. ಹೊರಟ ದಿನ, ಬಂದ ದಿನ ಎರಡೂ ನಿಮ್ಮ ಖಾತೆಗೇ ಜಮಾ. ಪಿಆರ್ ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ ಸಾಕು, ಅದರಲ್ಲಿ ಕೆನಡಾದ ಪ್ರಜೆಯಾದ ಗಂಡನ ಜೊತೆಗೋ ಹೆಂಡತಿಯ ಜೊತೆಗೋ ಹೊರದೇಶದಲ್ಲಿದ್ದ ದಿನಗಳೂ ಸೇರುತ್ತವೆ. ಪೌರತ್ವದಲ್ಲಿ ನಮ್ಮಂಥವರಿಗೆ ಆ ಸೌಕರ್ಯ ಇಲ್ಲ. ಇದ್ದರೆ ಇದ್ದ ಹಾಗೆ, ಇಲ್ಲದಿದ್ದರೆ ಇಲ್ಲ.

ಇದು ಹೀಗೆ ಆದದ್ದು ಇತ್ತೀಚೆಗೆ. 2015ರ ಜೂನ್‌ವರೆಗೂ ಕಾನೂನು ಹೇಳುತ್ತಿದ್ದದ್ದು ನಾಲ್ಕು ವರ್ಷದಲ್ಲಿ ಮೂರು ವರ್ಷದ ‘ವಾಸ’ ಅಂತ. ವಾಸ ಅಂದರೆ ಏನು ಅಂತ ಮಾತ್ರ ಬರೆದಿರಲಿಲ್ಲ. ಹಾಗಾಗಿ ಅರ್ಥ ಹೇಳುವ ಕೆಲಸ ನ್ಯಾಯಾಧೀಶರಿಗೆ ಬಿತ್ತು, ಅವರು ಮೂರು ಥರ ಹೇಳಿದರು.

1978ರಲ್ಲಿ ಪಾಪಡೊಯೊರ್ಗಾಕಿಸ್ ಅನ್ನುವ ವಿದ್ಯಾರ್ಥಿಯ ಪ್ರಕರಣ. ನೋವಾ ಸ್ಕೋಷಿಯಾದಲ್ಲಿ ನೆಲೆ, ಓದಲು ಹೋದದ್ದು ಅಮೆರಿಕದ ಮಸಾಚುಸೆಟ್ಸ್‌ಗೆ. ಓದಿಗೋ ವ್ಯವಹಾರಕ್ಕೋ ಸ್ವಲ್ಪ ಕಾಲ ಹೊರಗೆ ಹೋದ ಮಾತ್ರಕ್ಕೆ ಮನೆ ಮನೆಯಲ್ಲದೆ ಹೋಗುವುದಿಲ್ಲ ಅಂದರು ನ್ಯಾಯಮೂರ್ತಿ ಥರ್ಲೋ. ಅಂದರೆ ಮನಸ್ಸು ಇಲ್ಲಿದ್ದರೆ ಆಯಿತು. 1992ರಲ್ಲಿ ‘ಕೂ’ ಪ್ರಕರಣ. ನ್ಯಾಯಮೂರ್ತಿ ಬಾರ್ಬರಾ ರೀಡ್ ಆರು ಪ್ರಶ್ನೆ ಇಟ್ಟರು: ಹೆಂಡತಿ ಮಕ್ಕಳು ಎಲ್ಲಿದ್ದಾರೆ, ಇವನು ಬರುವುದು ಮನೆಗೆ ಬಂದ ಹಾಗೋ ನೆಂಟರಂತೆ ಬಂದ ಹಾಗೋ, ಬೇರೆ ದೇಶಕ್ಕಿಂತ ಕೆನಡಾದ ಜೊತೆ ನಂಟು ಹೆಚ್ಚೋ ಕಮ್ಮಿಯೋ, ಹೀಗೆ. ಮರುವರ್ಷ 1993ರಲ್ಲಿ ‘ಪೂರ್ಘಸೇಮಿ’ ಪ್ರಕರಣದಲ್ಲಿ ನ್ಯಾಯಮೂರ್ತಿ ಮಲ್ಡೂನ್ ಅವರದು ಪೂರಾ ಉಲ್ಟಾ ನಿಲುವು. ಅಂಗಡಿ, ಲೈಬ್ರರಿ, ಗಾಡಿ ರಿಪೇರಿ ಶೆಡ್ಡು, ಲಿಫ್ಟು, ಚರ್ಚು, ಮಸೀದಿ, ದೇವಸ್ಥಾನ, ಇಂಥ ಕಡೆಯೆಲ್ಲ ಇಲ್ಲಿನವರ ಜೊತೆ ದಿನಾ ಮೈತಾಗಿಸಿಕೊಂಡು ಬದುಕಿದರೆ ಮಾತ್ರ ಮನುಷ್ಯ ಕೆನಡಾದವನಾಗುತ್ತಾನೆ, ಅದಕ್ಕೆ ಆತ ಇಲ್ಲಿರಲೇಬೇಕು ಅಂದರು. (ಆ ಪಟ್ಟಿಯಲ್ಲಿ ಗಾಡಿ ರಿಪೇರಿ ಶೆಡ್ಡು ಇರುವುದು ನನಗೆ ಬಹಳ ಇಷ್ಟ. ನನಗೆ ಇಲ್ಲಿನ ಇಂಗ್ಲಿಷ್ ನಿಜವಾಗಿ ಕಲಿಸಿದವನು ಒಬ್ಬ ಪೋರ್ಚುಗೀಸ್ ಮೆಕ್ಯಾನಿಕ್ಕು.)

ತಮಾಷೆ ಏನಂದರೆ ಈ ಮೂರೂ ಒಟ್ಟೊಟ್ಟಿಗೆ ಚಾಲ್ತಿಯಲ್ಲಿದ್ದವು. ನಿಮ್ಮ ಫೈಲು ಯಾರ ಮೇಜಿಗೆ ಹೋಗುತ್ತದೋ ಅವರು ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು. ಒಂದೇ ಥರದ ಎರಡು ಸಂಸಾರ, ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರಿಗೆ ಇಲ್ಲ. ಅವರವರ ಹಣೆಬರಹ.

ಹೃದಯವಿರುವ ಕಾನೂನು ಅಂದರೆ ಇದೇ. ಅದು ಯಾರನ್ನು ಕಾಯುತ್ತದೆ ಅಂತ ಒಮ್ಮೆ ಯೋಚಿಸಿ. ನಂಟು ತೋರಿಸಲು ಮನೆ ಬೇಕು, ಬ್ಯಾಂಕಿನಲ್ಲಿ ದುಡ್ಡು ಬೇಕು, ಅದನ್ನೆಲ್ಲ ಚಂದವಾಗಿ ಜೋಡಿಸಿ ಹೇಳಲು ವಕೀಲ ಬೇಕು. ಬ್ರಾಂಪ್ಟನ್ನಿನ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದು ಗೋಡೌನಿನಲ್ಲಿ ರಾತ್ರಿಪಾಳಿ ಮಾಡುವವನ ಹತ್ತಿರ ಇರುವುದು ದೇಹ ಒಂದೇ. ಮೂರು ವರ್ಷ ಅದು ಇಲ್ಲೇ ಇತ್ತು, ಎಣಿಸಿಕೊಳ್ಳಿ ಅಂತ ಅವನು ಧೈರ್ಯವಾಗಿ ಹೇಳಬಹುದು.

ಇನ್ನೊಂದು, ಇದು ನನ್ನದೇ ವಿಷಯ. ಆ 173 ದಿನ ನನ್ನ ಮನಸ್ಸು ಎಲ್ಲಿತ್ತು ಅಂತ ಯಾರಾದರೂ ಕೇಳಿದ್ದರೆ ನಾನು ಏನು ಹೇಳಬೇಕಿತ್ತು? ಕೋವಿಡ್ ಅಂತ ಏಪ್ರಿಲ್ 22ಕ್ಕೆ ಭಾರತದಿಂದ ಬರುವ ವಿಮಾನಗಳನ್ನು ಕೆನಡಾ ನಿಲ್ಲಿಸಿತು, ಸೆಪ್ಟೆಂಬರ್ 27ರವರೆಗೂ ಬಿಡಲಿಲ್ಲ. ಮೂರನೇ ದೇಶದಲ್ಲಿ ಇಳಿದು ಅಲ್ಲಿ ಟೆಸ್ಟ್ ಮಾಡಿಸಿಕೊಂಡು ಸುತ್ತುಬಳಸಿ ಬಂದವರಿದ್ದಾರೆ. ನಾನೂ ಬರಬಹುದಿತ್ತು. ಬರಲಿಲ್ಲ. ತೋಟಕ್ಕೆ ನೀರು ಬಿಡುತ್ತಾ, ಕಾಯಿ ಕೀಳಿಸುತ್ತಾ, ಅಮ್ಮನ ಜೊತೆ ಸಂಜೆ ಜಗುಲಿಯಲ್ಲಿ ಕೂತು ಇದ್ದುಬಿಟ್ಟೆ. ಕೆನಡಾದಲ್ಲಿ ನಾವಿರುವ ಮಿಸ್ಸಿಸಾಗಾ ಅನ್ನುವ ಊರೊಂದಿದೆ ಅನ್ನುವುದೇ ಕೆಲವು ದಿನ ಮರೆತುಹೋಗುತ್ತಿತ್ತು. ನಂಟು ಎಲ್ಲಿ ಹೆಚ್ಚು ಅಂತ ಆಗ ಕೇಳಿದ್ದರೆ ನಾನು ಸುಳ್ಳು ಹೇಳಬೇಕಾಗುತ್ತಿತ್ತು. ಕೇಳಲಿಲ್ಲ. 173 ಕಳೆದರು, ಉಳಿದದ್ದನ್ನು ಕೊಟ್ಟರು. ಇಷ್ಟು ಮರ್ಯಾದೆಯಾಗಿ ನನ್ನ ಹತ್ತಿರ ಆ ವರ್ಷ ಬೇರೆ ಯಾರೂ ನಡೆದುಕೊಂಡಿಲ್ಲ.

ಕಡೆಗೆ ದೆಹಲಿ ವಿಮಾನ ನಿಲ್ದಾಣದ ನಿಗದಿತ ಲ್ಯಾಬಿನಲ್ಲಿ, ಹೊರಡುವ 18 ಗಂಟೆಯೊಳಗೆ ಮೂಗಿಗೆ ಕಡ್ಡಿ ಹಾಕಿಸಿಕೊಂಡು ನಾನೊಬ್ಬನೇ ಬಂದೆ.

ಲೆಕ್ಕ ಹಾಕುವುದು ಸುಲಭ ಅಂತ ಮಾತ್ರ ಹೇಳುತ್ತಿಲ್ಲ. ಎರಡನೇ ಸಾಲಿನ ಕಥೆ ಕೇಳಿ. 2022ರ ಅಕ್ಟೋಬರಿನಲ್ಲಿ ಸುಮ್ಮನೆ ಅಂದಾಜಿಗೆ ಪಟ್ಟಿ ತುಂಬುತ್ತಿದ್ದೆ. ಒಂದೇ ಪ್ರಯಾಣ, ಮುಗಿಯಿತು ಅಂದುಕೊಂಡೆ. ಅದೇ ವಾರ ಇದೇ ಫೇಸ್‌ಬುಕ್ಕು ಮೂರು ವರ್ಷ ಹಿಂದಿನ ಫೋಟೋ ಎತ್ತಿ ತೋರಿಸಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಚಿಕ್ಕಮ್ಮನ ಮಗನ ಮನೆ, ನಾವೆಲ್ಲ ಬಿಸಿಬೇಳೆಬಾತಿನ ಮುಂದೆ. 2019ರ ಕೆನಡಾದ ಥ್ಯಾಂಕ್ಸ್‌ಗಿವಿಂಗ್ ರಜೆ! ಶನಿವಾರ ಗಡಿಯ ಪೀಸ್ ಬ್ರಿಡ್ಜ್ ದಾಟಿ ಹೋಗಿ ಸೋಮವಾರ ಬಂದಿದ್ದೆವು. ಕೆನಡಾದ ಕಡೆ ಪಾಸ್‌ಪೋರ್ಟಿಗೆ ಸೀಲೇ ಬಿದ್ದಿರಲಿಲ್ಲ. ತಾರೀಖು ಖಾತ್ರಿ ಮಾಡಿಕೊಳ್ಳಲು ಅಮೆರಿಕದ ಗಡಿಯವರ ವೆಬ್‌ಸೈಟಿನಲ್ಲಿ ಐ-94 (ಅಲ್ಲಿಗೆ ಒಳಹೋದ ದಾಖಲೆ) ಚರಿತ್ರೆ ತೆಗೆದೆ, ಕ್ರೆಡಿಟ್ ಕಾರ್ಡಿನ ಹಳೇ ಸ್ಟೇಟ್‌ಮೆಂಟಿನಲ್ಲಿ ಅದಕ್ಕೆ ಗಡಿಯಲ್ಲಿ ತಲೆಗೆ 6 ಡಾಲರ್ ಕಟ್ಟಿದ್ದು ಹುಡುಕಿದೆ. ಹೋದ ದಿನ ಜಮಾ, ಬಂದ ದಿನ ಜಮಾ, ಗೈರು ಅಂದರೆ ನಡುವಿನ ಭಾನುವಾರ ಒಂದೇ. ಆಗ ನಾನು ವರ್ಕ್ ಪರ್ಮಿಟ್‌ನಲ್ಲಿದ್ದೆನಲ್ಲ, ಅದಕ್ಕೂ ಅರ್ಧವೇ ಬೆಲೆ. ಅರ್ಧ ದಿನದ ಲೆಕ್ಕಕ್ಕೆ ಎರಡು ರಾತ್ರಿ ನಿದ್ದೆಗೆಟ್ಟೆ. ಅರ್ಧ ದಿನ ಮುಖ್ಯ ಅಂತಲ್ಲ, ಮುಚ್ಚಿಟ್ಟ ಅಂತ ಆಗಬಾರದಲ್ಲ.

ಲಂಡನ್ನಿನಲ್ಲಿರುವ ಗೆಳೆಯನ ಪಾಡು ಇನ್ನೂ ಚೆನ್ನಾಗಿದೆ. ಬ್ರಿಟನ್ನಿನಲ್ಲಿ ಐದು ವರ್ಷದಲ್ಲಿ 450 ದಿನ, ಕೊನೆಯ ವರ್ಷದಲ್ಲಿ 90 ದಿನ ಹೊರಗಿರಬಹುದು. ಜೊತೆಗೆ ಅರ್ಜಿ ಅವರ ಕೈ ಸೇರುವ ದಿನಕ್ಕೆ ಸರಿಯಾಗಿ ಐದು ವರ್ಷದ ಹಿಂದೆ, ಅದೇ ದಿನ, ನೀವು ಬ್ರಿಟನ್ನಿನಲ್ಲಿ ಇದ್ದಿರಬೇಕು. ಇವನು ಅವತ್ತು ಹಾಸನದಲ್ಲಿ ತಂಗಿಯ ಮದುವೆಯಲ್ಲಿ ಬಡಿಸುತ್ತಿದ್ದ. ಎಲ್ಲ ದಿನ ಮುಗಿದಿದ್ದರೂ ಆ ಮದುವೆ ದಾಟಿಸಿ ಅರ್ಜಿ ಹಾಕಿದ. ಇದನ್ನು ಓದಿ ನಗುವವರಿಗೆ ಒಂದು ಮಾತು: ನಮ್ಮ ದೇಶದ ಪೌರತ್ವ ಕಾಯ್ದೆಯಲ್ಲೂ ಹೊರಗಿನವರು ದೇಶೀಕರಣಕ್ಕೆ ಅರ್ಜಿ ಹಾಕಲು ಸಾಮಾನ್ಯವಾಗಿ ಹಿಂದಿನ 12 ತಿಂಗಳು ಪೂರಾ, ಅದಕ್ಕೂ ಹಿಂದಿನ 14 ವರ್ಷದಲ್ಲಿ 11 ವರ್ಷ ಭಾರತದಲ್ಲಿ ಇದ್ದಿರಬೇಕು. ಎಲ್ಲರೂ ಎಣಿಸುವವರೇ.

ನನ್ನದು 2023ರ ಫೆಬ್ರವರಿಯಲ್ಲಿ 1,134 ದಿನಕ್ಕೆ ಹೋಯಿತು. ಒಂದು ತಿಂಗಳು ಹೆಚ್ಚುವರಿ ಇಟ್ಟುಕೊಂಡೇ ಹಾಕಿದೆ, ನೀವೂ ಹಾಗೇ ಮಾಡಿ. ತೊಂದರೆ ಇಲ್ಲದೆ ಆಯಿತು.

ತೊಂದರೆ ಬಂದದ್ದು ಹೆಂಡತಿಗೆ. ನನ್ನ ವಾದಕ್ಕೆ ಉತ್ತರ ಇಲ್ಲದ ಜಾಗವೂ ಇದೇ, ಅದನ್ನು ಹೇಳದಿದ್ದರೆ ಮೋಸ ಆಗುತ್ತದೆ.

ಆ ಏಪ್ರಿಲಿನಲ್ಲಿ ಐದು ತಿಂಗಳ ಮಗು ಎತ್ತಿಕೊಂಡು ಅವಳೂ ಬಂದಿದ್ದಳು. ಸೆಪ್ಟೆಂಬರಿನಲ್ಲಿ ಆಫೀಸಿನವರು ಇನ್ನು ತಡೆಯುವುದಿಲ್ಲ ಅಂದಾಗ ನಾನು ಹೊರಟೆ. ಅಮ್ಮ ಒಬ್ಬರೇ. ‘ನೀವು ಹೋಗಿರಿ, ನಾನು ವರ್ಷಾಂತಿಕ ಹತ್ತಿರ ಬರೋವರೆಗೂ ಅತ್ತೆ ಜೊತೆ ಇರ್ತೀನಿ’ ಅಂದಳು. ಬಂದದ್ದು 2022ರ ಮಾರ್ಚ್ 20ಕ್ಕೆ. ಅವಳ ಗೈರು 344 ದಿನ. ಸತ್ತದ್ದು ನನ್ನ ಅಪ್ಪ, ಒಂಟಿಯಾದದ್ದು ನನ್ನ ಅಮ್ಮ, ದಿನ ಕಳೆದುಕೊಂಡದ್ದು ಅವಳು. 2015ರಿಂದ 2017ರವರೆಗೆ ಇದ್ದ ಇನ್ನೂ ಬಿಗಿಯಾದ ನಿಯಮವೇ ಉಳಿದಿದ್ದರೆ, ಅಂದರೆ ಆರು ವರ್ಷದಲ್ಲಿ 1,460 ದಿನ, ಮತ್ತು ನಾಲ್ಕು ವರ್ಷಗಳಲ್ಲಿ ಪ್ರತಿ ವರ್ಷ ಕನಿಷ್ಠ 183 ದಿನ, 2021ರಲ್ಲಿ ನಾನು ಒಂಬತ್ತು ದಿನದಲ್ಲಿ ಪಾರಾಗುತ್ತಿದ್ದೆ, ಅವಳ ಪಾಲಿಗೆ ಆ ವರ್ಷವೇ ಇಲ್ಲ. 2017ರ ಅಕ್ಟೋಬರಿನಲ್ಲಿ ಅದನ್ನು ಬದಲಿಸಿದ್ದು ಪುಣ್ಯ.

2023ರ ಕೊನೆಗೆ ಅವಳು ಅರ್ಜಿ ಹಾಕಿದಳು. ಕೆಲವು ತಿಂಗಳಾದ ಮೇಲೆ ಪತ್ರ ಬಂತು: ಇಲ್ಲಿ ಇದ್ದದ್ದಕ್ಕೆ ಪುರಾವೆ ಕೊಡಿ. ಕಡತ ಹರವಿಕೊಂಡು ಕೂತೆವು. ಬಾಡಿಗೆ ಕರಾರು ನನ್ನ ಹೆಸರಲ್ಲಿ. ಹೈಡ್ರೋ (ಇಲ್ಲಿ ಕರೆಂಟಿಗೆ ಹಾಗನ್ನುತ್ತಾರೆ) ಬಿಲ್ಲು ನನ್ನದು. ಇಂಟರ್ನೆಟ್ಟು ನನ್ನದು. ಕಾರಿನ ಇನ್ಶೂರೆನ್ಸು ನನ್ನದು, ಟಿ4 (ಸಂಬಳದ ವಾರ್ಷಿಕ ಚೀಟಿ) ನನ್ನದು, ಪ್ರೆಸ್ಟೋ ಕಾರ್ಡಿನಲ್ಲಿ ನಾನು ರೈಲು ಹತ್ತಿ ಇಳಿದ ಪ್ರತಿಯೊಂದು ನಿಮಿಷ ದಾಖಲೆ ಇದೆ. ಮಗುವಿನ ಹಳದಿ ಲಸಿಕೆ ಕಾರ್ಡು ಮಗುವಿನದು. ಅಷ್ಟು ವರ್ಷ ದಿನದ ಇಪ್ಪತ್ತನಾಲ್ಕು ಗಂಟೆ ಆ ಮನೆಯೊಳಗೆ ಇದ್ದವಳು ಅವಳು. ಇಡೀ ಮನೆಯಲ್ಲಿ ಅವಳು ಇದ್ದಳು ಅನ್ನುವುದಕ್ಕೆ ಒಂದು ಚೀಟಿ ಇಲ್ಲ.

‘ನಾನು ಇಲ್ಲಿ ಇರಲೇ ಇಲ್ವೇನ್ರೀ ಹಾಗಾದ್ರೆ?’ ಅಂದಳು. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ಕಡೆಗೆ ಸಿಕ್ಕಿದ್ದು: ಒಂಟಾರಿಯೋದ ಆರೋಗ್ಯ ವಿಮೆಯಿಂದ ತರಿಸಿಕೊಂಡ ಅವಳ ಡಾಕ್ಟರ್ ಭೇಟಿಗಳ ಪಟ್ಟಿ, ಬಸುರಿಯಾಗಿದ್ದಾಗಿನ ಅಷ್ಟೂ ಸ್ಕ್ಯಾನು. ಲೈಬ್ರರಿಯಲ್ಲಿ ಮಗುವಿಗೆ ಕಥೆ ಹೇಳಿಸಲು ಹೋಗುತ್ತಿದ್ದಾಗಿನ ನೋಂದಣಿ ಇಮೇಲುಗಳು. ಪಕ್ಕದ ಮನೆಯ ಪಂಜಾಬಿ ಆಂಟಿ ಬರೆದುಕೊಟ್ಟ ಕಾಗದ, ‘ಪ್ರತಿದಿನ ಬೆಳಿಗ್ಗೆ ಈಕೆ ಸ್ಟ್ರಾಲರ್ ತಳ್ಳಿಕೊಂಡು ಹೋಗುವುದನ್ನು ನೋಡಿದ್ದೇನೆ’ ಅಂತ. ಮಲ್ಡೂನರ ಲೈಬ್ರರಿ, ಲಿಫ್ಟು ನನಗೆ ಆಗ ನೆನಪಾದವು. ಅವರು ಹೇಳಿದ ಬದುಕನ್ನು ನಮ್ಮ ಮನೆಯಲ್ಲಿ ಸರಿಯಾಗಿ ಬದುಕಿದವಳು ಇವಳೇ, ನಾನು ರೈಲಿನಲ್ಲಿ ಫೋನು ನೋಡುತ್ತಾ ಓಡಾಡಿದವನು.

ಹಾಗಾಗಿ ನನ್ನ ತಕರಾರು ಎಣಿಸುವುದರ ಮೇಲಲ್ಲ, ಎಣಿಕೆಯ ಪುರಾವೆಯನ್ನು ಯಾರು ತರಬೇಕು ಅನ್ನುವುದರ ಮೇಲೆ. 2013ರಿಂದಲೇ ನಮ್ಮಂಥ ಪಿಆರ್‌ಗಳು, ಹೊರಗಿನವರು ಭೂಗಡಿ ದಾಟಿದ್ದನ್ನು ಕೆನಡಾ, ಅಮೆರಿಕ ಒಬ್ಬರಿಗೊಬ್ಬರು ತಿಳಿಸುತ್ತವೆ. ಅಲ್ಲಿ ಒಳಗೆ ಹೋದ ದಾಖಲೆಯೇ ಇಲ್ಲಿಂದ ಹೊರಬಿದ್ದ ದಾಖಲೆ. 2020ರಿಂದ ವಿಮಾನದಲ್ಲಿ ಹೊರಟವರ ವಿವರವನ್ನೂ ವಿಮಾನ ಕಂಪನಿಗಳು ಕೊಡುತ್ತವೆ. ನಾನು ಮರೆತ ಆ ಭಾನುವಾರ ಕಂಪ್ಯೂಟರಿಗೆ ಮೊದಲೇ ಗೊತ್ತಿತ್ತು. ಗೊತ್ತಿಟ್ಟುಕೊಂಡೂ ನಮ್ಮಿಂದ ಬರೆಸಿ ಆಮೇಲೆ ತಾಳೆ ನೋಡುವುದು, ಮೇಷ್ಟ್ರು ಉತ್ತರ ಕೈಯಲ್ಲಿಟ್ಟುಕೊಂಡು ಪ್ರಶ್ನೆ ಕೇಳಿದ ಹಾಗೆ. ಅವರ ಹತ್ತಿರ ಇರುವ ಪಟ್ಟಿ ಮೊದಲು ನಮ್ಮ ಮುಂದೆ ಇಡಲಿ, ತಪ್ಪಿದ್ದರೆ ನಾವು ತಿದ್ದುತ್ತೇವೆ. ಹೊರಗೆ ಹೋದ ದಾಖಲೆ ಇಲ್ಲದ ದಿನವೆಲ್ಲ ಮನುಷ್ಯ ಒಳಗೇ ಇದ್ದ ಅಂತ ಹಿಡಿಯಲಿ. ಅನುಮಾನ ಇದ್ದರೆ ಅದಕ್ಕೆ ಕಾರಣ ಅವರು ಕೊಡಲಿ. ಈಗಲೂ ಗಡಿಯವರಿಂದ ನಮ್ಮ ಪ್ರಯಾಣದ ಚರಿತ್ರೆ ಕೇಳಿ ಪಡೆಯಬಹುದು, ಕೇಳಬೇಕು ಅಂತ ಗೊತ್ತಿರುವವರಿಗೆ. ಗೊತ್ತಿರುವವರು ಯಾರು? ಮತ್ತೆ ನಾವೇ, ಕಂಪ್ಯೂಟರ್ ಮುಂದೆ ಕೂರುವವರು.

ಗೆಳೆಯರ ಎಂಟು ತಿಂಗಳಿಗೆ ನನ್ನ ಹತ್ತಿರ ಸಮಾಧಾನ ಇಲ್ಲ. ಸಾವಿಗೆ, ಆರೈಕೆಗೆ ಅಂತ ಇಷ್ಟು ದಿನ ಮಾಫಿ ಇರಬೇಕೇ ಅಂತ ಯೋಚಿಸಿದ್ದೇನೆ. ಅಪ್ಪ ಅಮ್ಮನಿಗೆ ಸರಿ, ಅತ್ತೆಗೆ? ಸಾಕಿದ ದೊಡ್ಡಮ್ಮನಿಗೆ? ಯಾವ ಸಾವಿಗೆ ಎಷ್ಟು ದಿನ ಅಂತ ಒಬ್ಬ ಗುಮಾಸ್ತ ಪಟ್ಟಿ ಮಾಡುವುದನ್ನು ನೆನೆದರೆ ಬೇಡ ಅನ್ನಿಸುತ್ತದೆ. ಆ ದಿನಗಳು ನನ್ನವು. ಅವಕ್ಕೆ ಯಾರ ಮಾಫಿಯೂ ಬೇಡ, ಅಷ್ಟು ತಡವಾಗಿ ಅರ್ಜಿ ಹಾಕಿದರಾಯಿತು.

ಹೆಂಡತಿಯ ಫೈಲು ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಮನೆಯಲ್ಲಿ ನಾನು ಒಸಿಐ (ಭಾರತ ಕೊಡುವ ಸಾಗರೋತ್ತರ ಭಾರತೀಯನ ಕಾರ್ಡು), ಅವಳು ಭಾರತದ ಪಾಸ್‌ಪೋರ್ಟು, ಮಗ ಹುಟ್ಟಾ ಕೆನಡಾದವನು. ಎರಡು ಪೌರತ್ವ ಇಟ್ಟುಕೊಳ್ಳಲು ನಮ್ಮ ಸಂವಿಧಾನ ಬಿಡುವುದಿಲ್ಲ. ಒಸಿಐ ಆದ ನಾನು ಊರಲ್ಲಿ ತೆಂಗಿನ ತೋಟ ಕೊಳ್ಳುವ ಹಾಗೂ ಇಲ್ಲ. ಅಪ್ಪನ ತೋಟ ಪಿತ್ರಾರ್ಜಿತ ಆದ್ದರಿಂದ ಪಾಲಿಗೆ ಬರಬಹುದಂತೆ.

ಹೋದ ತಿಂಗಳು ಹೈಡ್ರೋ ಅಕೌಂಟಿಗೆ ಅವಳ ಹೆಸರು ಹಾಕಿಸಿದೆವು. ಮೊದಲ ಬಿಲ್ಲು 84 ಡಾಲರ್ ಬಂತು. ಆನ್‌ಲೈನಲ್ಲೇ ಇದೆಯಲ್ಲ ಅಂದರೂ ಕೇಳದೆ ಪ್ರಿಂಟು ತೆಗೆದು ಪಂಚ್ ಮಾಡಿ ಫೈಲಿಗೆ ಸೇರಿಸಿದಳು. ದುಡ್ಡು ಮಾತ್ರ ‘ನೀವೇ ಕಟ್ಟಿ’ ಅಂದಳು.