ಕಳ್ಳನ ಫೋಟೋ ಕಳ್ಳನ ಹತ್ತಿರವೇ ಇದೆ

ನಮ್ಮ ಪಕ್ಕದ ಮನೆಯವರು ಅಪ್ಪಟ ಅಮೆರಿಕನ್ನರು. ಆದರೆ ಆ ಬಿಳಿ ಮೀಸೆ, ಆ ಗತ್ತು, ಪಿಕಪ್ ಟ್ರಕ್ಕಿನಿಂದ ಇಳಿದು ಸುತ್ತ ಒಂದು ಸಲ ಕಣ್ಣು ಹಾಯಿಸುವ ರೀತಿ ನೋಡಿ ನಮ್ಮ ಮನೆಯಲ್ಲಿ ಅವರಿಗೆ ಗೌಡ್ರು ಅಂತಲೇ ಹೆಸರು ಬಿದ್ದಿದೆ. ಅವರಿಗೆ ಇದು ಗೊತ್ತಿಲ್ಲ. ಕಾರಿನ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ವರ್ಷಪೂರ್ತಿ ಸಾಧು ಮನುಷ್ಯ, ನವೆಂಬರ್ ಬಂತೆಂದರೆ ಮಾತ್ರ ಬೇಟೆಗಾರ.

ನಾವಿರುವ ಮಿಶಿಗನ್ ರಾಜ್ಯದಲ್ಲಿ ನವೆಂಬರ್ 15 ಅಂದರೆ ಸುಮ್ನೆ ಒಂದು ತಾರೀಖಲ್ಲ. ಬಂದೂಕಿನಲ್ಲಿ ಜಿಂಕೆ ಹೊಡೆಯುವ ಸೀಸನ್ ಶುರುವಾಗುವ ದಿನ ಅದು. 30ರವರೆಗೆ ನಡೆಯುತ್ತದೆ. ಎಷ್ಟೋ ಊರುಗಳಲ್ಲಿ ಅವತ್ತು ಶಾಲೆಗೇ ರಜೆ. ಲಕ್ಷಗಟ್ಟಲೆ ಜನ ಕಿತ್ತಳೆ ಬಣ್ಣದ ಟೋಪಿ, ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬೆಳಗಾಗುವ ಮೊದಲೇ ಕಾಡು ಸೇರುತ್ತಾರೆ. ನಾನು ಬೇಟೆಯಾಡುವವನಲ್ಲ, ಚಳಿಯಲ್ಲಿ ಮರ ಹತ್ತಿ ಕೂರುವ ಆಸೆಯೂ ಇಲ್ಲ. ಗೌಡ್ರ ಮಂಡಿ ನೋವಿನಿಂದಾಗಿ ಸಾಮಾನು ಹೊರುವ ಕೆಲಸ ನನ್ನ ಪಾಲಿಗೆ ಬಂತು, ಅಷ್ಟೇ.

ಸಾಮಾನು ಅಂದರೆ ಏನೇನು ಅಂತೀರಿ? ಮರಕ್ಕೆ ಕಟ್ಟುವ ಕಬ್ಬಿಣದ ಅಟ್ಟಣೆ, ಅದಕ್ಕೆ ಹತ್ತುವ ಮೆಟ್ಟಿಲು, ಬಿದ್ದರೆ ಹಿಡಿದುಕೊಳ್ಳುವ ಬೆಲ್ಟು, ಜೊತೆಗೆ ಜಿಂಕೆ ಎಲ್ಲಿ ಓಡಾಡುತ್ತದೆ ಅಂತ ತಿಳಿಯಲು ಕ್ಯಾಮೆರಾ. ಈ ಕ್ಯಾಮೆರಾದ ಮುಂದೆ ಬಿಸಿ ಮೈಯ ಪ್ರಾಣಿ ಏನಾದರೂ ಅಲುಗಾಡಿದರೆ ತಾನೇ ಫೋಟೋ ತೆಗೆದು ಕಾರ್ಡಿನಲ್ಲಿ ಇಟ್ಟುಕೊಳ್ಳುತ್ತದೆ. ಸೆಪ್ಟೆಂಬರಿನಲ್ಲೇ ಇದನ್ನೆಲ್ಲ ಸರ್ಕಾರಿ ಕಾಡಿಗೆ ಹೊತ್ತೊಯ್ದು ಮರಕ್ಕೆ ಕಟ್ಟಿ ಬರಬೇಕು. ಆಮೇಲೆ ಎರಡು ತಿಂಗಳು ಆ ಸಾಮಾನು ಅಲ್ಲೇ ಇರುತ್ತದೆ, ಕಾಯಲು ಒಂದು ನಾಯಿಯೂ ಇಲ್ಲದೆ. ಇರುತ್ತದೆ ಅಂತ ಗೌಡ್ರ ನಂಬಿಕೆ.

ಅಕ್ಟೋಬರಿನಲ್ಲಿ ಒಂದು ಭಾನುವಾರ ಕಾರ್ಡು ತೆಗೆದುಕೊಂಡು ಬರೋಣ ಅಂತ ಇಬ್ಬರೂ ಹೋದೆವು. ಕ್ಯಾಮೆರಾ ಇರಲಿಲ್ಲ. ಅದು ಇದ್ದ ಜಾಗದಲ್ಲಿ ತೊಗಟೆ ಮಾತ್ರ ಚೌಕವಾಗಿ ಒಣಗಿತ್ತು, ಸುತ್ತಲೂ ಮಳೆಗೆ ನೆನೆದು ಕಪ್ಪಾಗಿತ್ತು. ಗೋಡೆಯ ಮೇಲಿನ ಫೋಟೋ ತೆಗೆದರೆ ಗುರುತು ಉಳಿಯುತ್ತದಲ್ಲ, ಹಾಗೆ. ಮರದ ಬುಡದಲ್ಲಿ ಉಕ್ಕಿನ ಕೇಬಲ್ಲು ತುಂಡಾಗಿ ಬಿದ್ದಿತ್ತು. ಅದರ ಒಂದು ತುದಿಯಲ್ಲಿ ಬೀಗ ಇತ್ತು, ಹಾಕಿದ್ದು ಹಾಕಿದಂತೆಯೇ. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಗೌಡ್ರು ಜೇಬಿನಿಂದ ಕೀ ತೆಗೆದರು, ಬೀಗವನ್ನು ಸಾವಕಾಶವಾಗಿ ತೆರೆದರು, ಮತ್ತೆ ಹಾಕಿದರು, ಜೇಬಿಗಿಳಿಸಿದರು. "ಒಳ್ಳೆ ಬೀಗ," ಅಂದರು. ನಾನು ನಗಬಾರದು ಅಂತ ಆಕಾಶ ನೋಡಿದೆ.

ಆಮೇಲೆ ಹೊಳೆಯಿತು, ಆ ಕಳ್ಳನ ಫೋಟೋ ಖಂಡಿತ ಇದೆ. ಹತ್ತಿರದಿಂದ, ಒಳ್ಳೆ ಬೆಳಕಿನಲ್ಲಿ, ಪಾಸ್‌ಪೋರ್ಟಿಗೆ ಬೇಕಾದ ಹಾಗೆ ಎದುರು ಮುಖದ ಫೋಟೋವೇ ಬಿದ್ದಿರಬೇಕು. ಕ್ಯಾಮೆರಾ ತನ್ನ ಕೆಲಸವನ್ನು ಕೊನೆ ಗಳಿಗೆಯವರೆಗೂ ಚಾಚೂ ತಪ್ಪದೆ ಮಾಡಿದೆ. ಸಾಕ್ಷಿ ಪಕ್ಕಾ ಇದೆ, ಕಳ್ಳನ ಜೇಬಿನಲ್ಲಿದೆ.

ಇನ್ನು ಕಾನೂನು ನೋಡೋಣ. ಇದು ಇನ್ನೂ ಚೆನ್ನಾಗಿದೆ. ಸರ್ಕಾರಿ ಕಾಡಿನಲ್ಲಿ ಮರಕ್ಕೆ ಅಟ್ಟಣೆ ಕಟ್ಟಿದರೆ ಅದರ ಮೇಲೆ ನಿಮ್ಮ ಹೆಸರು ಮತ್ತು ವಿಳಾಸ, ಇಲ್ಲದಿದ್ದರೆ ಡ್ರೈವಿಂಗ್ ಲೈಸೆನ್ಸಿನ ನಂಬರು ಬರೆದಿರಬೇಕು. ನೆಲದಲ್ಲಿ ನಿಂತವನಿಗೆ ಓದಲು ಬರಬೇಕು. ಇಂಗ್ಲಿಷಿನಲ್ಲೇ ಇರಬೇಕು, ಅಂತ ನಿಯಮದಲ್ಲೇ ಇದೆ. ದುಂಡಗೆ ಕನ್ನಡದಲ್ಲಿ ಬರೆದುಕೊಡುತ್ತೇನೆ ಅಂದಿದ್ದೆ, ಆಗಲಿಲ್ಲ. ಗೌಡ್ರು ಹಳೇ ಕಾಲದವರು. ನಂಬರಿನ ಗೊಡವೆ ಬೇಡ ಅಂತ ದಪ್ಪ ಮಾರ್ಕರಿನಲ್ಲಿ ಹೆಸರು, ರಸ್ತೆ, ಮನೆ ನಂಬರು ಎಲ್ಲ ಬರೆದರು. ಒಂದು ನಿಮಿಷ ಯೋಚನೆ ಮಾಡಿ. ಕಾಡಿನ ಮಧ್ಯ, ಯಾರೂ ಇಲ್ಲದ ಜಾಗದಲ್ಲಿ, ಈ ಸಾಮಾನಿನ ಯಜಮಾನ ಯಾರು, ಬಾಕಿ ಸಾಮಾನು ಯಾವ ಮನೆಯಲ್ಲಿದೆ ಅಂತ ಬೋರ್ಡು. ನವೆಂಬರ್ 15ರ ಬೆಳಿಗ್ಗೆ ಆ ಮನೆಯ ಯಜಮಾನ ಎಲ್ಲಿರುತ್ತಾನೆ ಅನ್ನುವುದು ಇಡೀ ರಾಜ್ಯಕ್ಕೆ ಗೊತ್ತು. ಕಳ್ಳನಿಗೆ ಮಾತ್ರ ಎಲ್ಲೂ ಹೆಸರು ಬರೆಯುವ ತಾಪತ್ರಯ ಇಲ್ಲ.

ಹೋಗಲಿ, ಒಂದು ದಪ್ಪ ಬೋಲ್ಟು ತಂದು ಮರಕ್ಕೇ ಹೊಡೆದು ಬಿಗಿಯೋಣ ಅಂದರೆ ಅದೂ ಇಲ್ಲ. ತೊಗಟೆ ದಾಟಿ ಮರದ ಜೀವಕ್ಕೆ ತಾಗುವ ಮೊಳೆ, ಸ್ಕ್ರೂ ಬಳಸಿ ಸರ್ಕಾರಿ ಕಾಡಿನಲ್ಲಿ ಅಟ್ಟಣೆ ಕಟ್ಟುವಂತಿಲ್ಲ. ಮರಕ್ಕೆ ಗಾಯ ಆಗಬಾರದು, ಸರಿಯಾದ ಮಾತೇ. ಹಾಗಾಗಿ ಬೆಲ್ಟು, ಚೈನು, ಕೇಬಲ್ಲಿನಲ್ಲೇ ಕಟ್ಟಬೇಕು. ಬೋಲ್ಟ್ ಕಟ್ಟರ್ ಹಿಡಿದು ಬರುವವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಆ ಕಡೆ ಮಿನೆಸೋಟ ರಾಜ್ಯ ಇದೆ. ಅಲ್ಲಿಯವರು ಇನ್ನೂ ನೇರ. ಸಾರ್ವಜನಿಕ ಜಾಗದಲ್ಲಿ ಯಾರಾದರೂ ಕಾಯಂ ಆಗಿ ಅಟ್ಟಣೆ ಕಟ್ಟಿ, ಅದರಲ್ಲಿ ಸದ್ಯ ಯಾರೂ ಕೂತಿಲ್ಲ ಅಂದರೆ ಅದು ಕಟ್ಟಿದವನ ಆಸ್ತಿ ಅಲ್ಲ, ಎಲ್ಲರದ್ದು. ಅಂದರೆ ನೀವು ಬೆವರು ಸುರಿಸಿ ಹಲಗೆ ಹೊತ್ತು ಕಟ್ಟಿದ್ದೀರಿ, ನವೆಂಬರಿನ ಬೆಳಿಗ್ಗೆ ಐದಕ್ಕೆ ಹೋಗಿ ನೋಡಿದರೆ ಯಾರೋ ಮೇಲೆ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾರೆ. ನೀವು ಕೆಳಗೆ ನಿಂತು ಗುಡ್ ಮಾರ್ನಿಂಗ್ ಹೇಳಬಹುದು. ಹೆದರಿಸಿ, ಹೊಡೆದು ಇಳಿಸುವಂತಿಲ್ಲ, ಹಾಗಂತ ಪ್ರತ್ಯೇಕವಾಗಿ ಬರೆದಿಟ್ಟಿದ್ದಾರೆ. ಅದನ್ನೂ ಬರೆಯಬೇಕಾಯಿತು ಅಂದರೆ ಹಿಂದೆ ಏನೇನು ನಡೆದಿರಬಹುದು, ನೀವೇ ಊಹಿಸಿ.

ಗೌಡ್ರು ದೂರು ಕೊಡಲು ಫೋನ್ ಮಾಡಿದರು. ಯಾವ ಆಫೀಸು ಅಂತ ಹೇಳುವುದಿಲ್ಲ, ಎರಡು ಆಫೀಸಿಗೆ ಮಾಡಿದರು ಅಂತಿಟ್ಟುಕೊಳ್ಳಿ. ಮೊದಲನೆಯವರು ಇದು ಕಾಡಿನ ವಿಷಯ, ಆ ಕಡೆ ಕೇಳಿ ಅಂದರು. ಎರಡನೆಯವರು ಇದು ಕಳ್ಳತನದ ವಿಷಯ, ಈ ಕಡೆ ಕೇಳಿ ಅಂದರು. ಎರಡು ಸಲ ಸುತ್ತು ಹೊಡೆದ ಮೇಲೆ ಒಬ್ಬ ಪುಣ್ಯಾತ್ಮ ಸಿಕ್ಕಿದ. ಅನುಮಾನ ಇರುವವರ ಚಹರೆ ಹೇಳಿ ಅಂದ. ಗೌಡ್ರು ಅಂದರು, "ನಾನು ನೋಡಿಲ್ಲ, ಆದರೆ ಹೋದ ವಾರ ಆ ಕಡೆ ಒಬ್ಬ ಓಡಾಡುತ್ತಿದ್ದನಂತೆ. ಕಿತ್ತಳೆ ಟೋಪಿ, ಕಿತ್ತಳೆ ಅಂಗಿ, ಗಡ್ಡ." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇರಲಿಲ್ಲವಂತೆ. ಪಾಪ, ಅವನೂ ಕಿತ್ತಳೆ ಟೋಪಿಯವನೇ ಇರಬೇಕು. ಆಮೇಲೆ ಬೆಲೆ ಕೇಳಿದ. 120 ಡಾಲರ್. ಇಲ್ಲಿ 200 ಡಾಲರಿಗಿಂತ ಕಡಿಮೆ ಮಾಲು ಕದ್ದರೆ ಹೆಚ್ಚೆಂದರೆ 93 ದಿನ ಜೈಲು, ದಂಡ. ಆದರೆ ಮೊದಲು ಸಿಗಬೇಕಲ್ಲ. ಸೀರಿಯಲ್ ನಂಬರು ಇದೆಯಾ ಅಂತ ಕೇಳಿದ. ಇದೆ, ಕ್ಯಾಮೆರಾದ ಒಳಗಡೆ ಚೀಟಿಯ ಮೇಲೆ ಬರೆದಿದೆ.

ಇಂಥ ಹೊತ್ತಿನಲ್ಲಿ ಸಲಹೆ ಕೊಡುವವರಿಗೆ ಬರವೇ? ಮೊದಲ ಸಲಹೆ, ಉಕ್ಕಿನ ಪೆಟ್ಟಿಗೆ ತಂದು ಅದರೊಳಗೆ ಕ್ಯಾಮೆರಾ ಇಡಿ. ತಂದರು. ಈಗ ಪೆಟ್ಟಿಗೆಗೂ ದುಡ್ಡು. ಎರಡನೆಯದು, ಏಣಿಯ ಕೆಳಗಿನ ಮೆಟ್ಟಿಲು ಬಿಚ್ಚಿ ಮನೆಗೆ ತನ್ನಿ, ಆಗ ಕಳ್ಳ ಹತ್ತಲಾರ. ತಂದರು. ಮುಂದಿನ ಸಲ ಮೂರು ಮೈಲಿ ನಡೆದು ಹೋದಾಗ ಮೆಟ್ಟಿಲು ಗ್ಯಾರೇಜಿನಲ್ಲೇ ಉಳಿದಿತ್ತು, ಗೌಡ್ರೂ ಹತ್ತಲಾಗಲಿಲ್ಲ. ಮೂರನೆಯದು, ರಾತ್ರಿ ಮಿನುಗದ ಕ್ಯಾಮೆರಾ ಕೊಳ್ಳಿ. ರಾತ್ರಿ ಫೋಟೋ ತೆಗೆಯಲು ಇವು ಇನ್‌ಫ್ರಾರೆಡ್ ಬೆಳಕು ಬಿಡುತ್ತವೆ. 850 ನ್ಯಾನೋಮೀಟರಿನ ಬೆಳಕಿನದಾದರೆ ಕತ್ತಲಲ್ಲಿ ಮಂಕಾಗಿ ಕೆಂಪು ಕಾಣುತ್ತದೆ, 940ರದು ಕಣ್ಣಿಗೆ ಕಾಣುವುದಿಲ್ಲ. ಕೊಂಡರು. ಅದರ ಮೈಗೂ ಎಲೆ, ತೊಗಟೆಯ ಬಣ್ಣ. ಎಷ್ಟು ಚೆನ್ನಾಗಿ ಮರೆಯಾಗಿತ್ತು ಅಂದರೆ ಮುಂದಿನ ವಾರ ನಾವಿಬ್ಬರೂ ಮುಕ್ಕಾಲು ಗಂಟೆ ಹುಡುಕಿದೆವು. ಕಳ್ಳ ಮುಕ್ಕಾಲು ಗಂಟೆ ಹುಡುಕಿರುತ್ತಾನೆ ಅಂತ ನನಗೆ ಅನಿಸುವುದಿಲ್ಲ.

ನಾಲ್ಕನೆಯ ಸಲಹೆ ಎಲ್ಲಕ್ಕಿಂತ ಜಾಣತನದ್ದು. ಮೊದಲ ಕ್ಯಾಮೆರಾ ಕಾಯಲು ಇನ್ನೊಂದು ಕ್ಯಾಮೆರಾ, ಎದುರು ಮರದಲ್ಲಿ, ಹನ್ನೆರಡು ಅಡಿ ಎತ್ತರದಲ್ಲಿ. ಹಾಗಾದರೆ ಎರಡನೆಯದನ್ನು ಕಾಯುವವರು ಯಾರು ಅಂತ ಕೇಳಿದೆ. ಗೌಡ್ರು ನನ್ನನ್ನು ಪಾಪದವನನ್ನು ನೋಡುವ ಹಾಗೆ ನೋಡಿ, "ಅದು ಇದೆ ಅಂತಲೇ ಅವನಿಗೆ ಗೊತ್ತಾಗಲ್ಲ ಅಲ್ವಾ?" ಅಂದರು. ಹತ್ತು ದಿನ ಬಿಟ್ಟು ಹೋದರೆ ಕೆಳಗಿನ ಹಳೇ ಕ್ಯಾಮೆರಾ ಇತ್ತು. ಮೇಲಿನ ಹೊಸದು ಮಾಯ. ಹಳೆಯದರ ಮೂತಿಯ ಮೇಲೆ ಹಲ್ಲಿನ ಗುರುತು. ಕಾರ್ಡು ಹಾಕಿ ನೋಡಿದೆವು. ಕರಡಿ ಬರುತ್ತಿದೆ, ಕರಡಿಯ ಮೂಗು, ಕರಡಿಯ ಬಾಯಿ, ಕತ್ತಲೆ. ಆಮೇಲೆ ಹದಿನಾಲ್ಕು ಫೋಟೋ ಗೌಡ್ರದ್ದೇ, ತಲೆ ಎತ್ತಿ ಎದುರು ಮರದಲ್ಲಿ ಏನೋ ಹುಡುಕುತ್ತಿರುವುದು. ಕರಡಿ ಕ್ಯಾಮೆರಾ ಕಚ್ಚಿ ನೋಡುತ್ತದೆ, ರುಚಿ ಇಲ್ಲ ಅಂದರೆ ಬಿಟ್ಟು ಹೋಗುತ್ತದೆ. ಅಷ್ಟರ ಮಟ್ಟಿಗೆ ಸಭ್ಯ ಪ್ರಾಣಿ.

ಬೇಸರದಲ್ಲಿ ಗೌಡ್ರ ತಮ್ಮ ಒಬ್ಬರು ಐದನೆಯ ಸಲಹೆ ಕೊಟ್ಟರು, ಏನಾದರೂ ಬಲೆ ಒಡ್ಡಿ ಕಳ್ಳನ ಕಾಲು ಮುರಿಯುವ ಹಾಗೆ ಮಾಡೋಣ ಅಂತ. ಸದ್ಯ, ಗೌಡ್ರು ಬೇಡ ಅಂದರು. ಅವರಿಗೆ ಅಯೋವಾ ರಾಜ್ಯದ ಹಳೇ ಮೊಕದ್ದಮೆ ನೆನಪಿತ್ತು. 1967ರಲ್ಲಿ ಬ್ರೈನಿ ಅನ್ನುವ ದಂಪತಿ ತಮ್ಮ ಪಾಳು ಮನೆಗೆ ಪದೇ ಪದೇ ಕಳ್ಳರು ನುಗ್ಗುತ್ತಾರೆ ಅಂತ ರೋಸಿ ಕೋಣೆಯ ಬಾಗಿಲಿಗೆ ಬಂದೂಕು ಕಟ್ಟಿಟ್ಟರು, ತೆರೆದರೆ ತಾನೇ ಹಾರುವ ಹಾಗೆ. ಕ್ಯಾಟ್ಕೊ ಅನ್ನುವವನು ಹಳೇ ಬಾಟಲಿ, ಜಾಡಿ ಕದಿಯಲು ಬಂದು ಬಾಗಿಲು ತೆರೆದ, ಕಾಲಿಗೆ ಗುಂಡು ಬಿತ್ತು. ಅವನು ಕೇಸು ಹಾಕಿದ. ಗೆದ್ದ. 1971ರಲ್ಲಿ ಅಯೋವಾದ ಸುಪ್ರೀಂ ಕೋರ್ಟು ತೀರ್ಪನ್ನು ಎತ್ತಿ ಹಿಡಿಯಿತು. ಪರಿಹಾರ 20,000 ಡಾಲರ್, ಅದರ ಮೇಲೆ ದಂಡವಾಗಿ 10,000. ಮಾಲಿಗಿಂತ ಮನುಷ್ಯನ ಪ್ರಾಣ ದೊಡ್ಡದು ಅನ್ನುವುದು ನ್ಯಾಯ, ನಾನೂ ಒಪ್ಪುತ್ತೇನೆ. ಆದರೆ ಜಾಡಿ ಕದಿಯಲು ಬಂದವನಿಗೆ ದುಡ್ಡು ಕಟ್ಟಲು ಆ ದಂಪತಿಯ ಜಮೀನೇ ಮಾರಾಟ ಆಯಿತು ಅನ್ನುವುದು ಗೌಡ್ರ ಗಂಟಲಲ್ಲಿ ಇನ್ನೂ ಇಳಿದಿಲ್ಲ.

ಅರಿಜೋನಾ ಈ ಸಮಸ್ಯೆಯನ್ನು ಬುಡದಿಂದಲೇ ಬಗೆಹರಿಸಿದೆ. ಬೇಟೆಗೆ ನೆರವಾಗುವ ಇಂಥ ಕ್ಯಾಮೆರಾಗಳನ್ನು 2022ರ ಜನವರಿ 1ರಿಂದ ನಿಷೇಧಿಸಿಬಿಟ್ಟಿತು. ಪ್ರಾಣಿಗೂ ಒಂದು ಅವಕಾಶ ಇರಬೇಕು, ನೀರಿನ ಗುಂಡಿಗಳ ಸುತ್ತ ಕ್ಯಾಮೆರಾ ತುಂಬಿಹೋಗಿದೆ ಅನ್ನುವುದು ಕಾರಣ. ಕಳ್ಳರ ಸಂಘ ಏನಾದರೂ ಇದ್ದಿದ್ದರೆ ಇಷ್ಟು ಹೊತ್ತಿಗೆ ಮನವಿ ಪತ್ರ ಕೊಟ್ಟಿರುತ್ತಿತ್ತು.

ಕೊನೆಗೆ ಗೌಡ್ರು ಫೋನಿಗೆ ಫೋಟೋ ಕಳಿಸುವ ಕ್ಯಾಮೆರಾ ತಂದರು. ಒಳಗೆ ಸಿಮ್ಮು, ತಿಂಗಳು ತಿಂಗಳು ಬಿಲ್ಲು. ಇನ್ನು ಕಳ್ಳ ಕದಿಯುವ ಮೊದಲೇ ಅವನ ಮುಖ ನನ್ನ ಕೈಯಲ್ಲಿ ಅಂತ ಬೀಗಿದರು. ನವೆಂಬರಿನ ಮೊದಲ ವಾರ, ರಾತ್ರಿ ಊಟ ಮಾಡುತ್ತಿದ್ದಾಗ ಫೋನು ಗುಂಯ್ ಅಂದಿತಂತೆ. ಓಡಿ ಬಂದು ನಮ್ಮ ಬಾಗಿಲು ಬಡಿದರು. ಫೋಟೋದಲ್ಲಿ ಒಂದು ಕೈಗವಸು. ಮುಂದಿನದರಲ್ಲಿ ಕಣ್ಣಿನವರೆಗೆ ಮುಚ್ಚಿದ, ಎಲೆ ಬಣ್ಣದ ಮುಖವಾಡ. ಅದರ ಮುಂದಿನದು ಬರೀ ಬೂಟು. ಅಷ್ಟೇ.

ಮತ್ತೆ ಫೋನ್, ಮತ್ತೆ ಅದೇ ಸುತ್ತು. ಅಷ್ಟರಲ್ಲಿ ಒಂದು ವಿಚಿತ್ರ ಆಯಿತು. ನಾಲ್ಕು ದಿನ ಸುಮ್ಮನಿದ್ದ ಕ್ಯಾಮೆರಾ ಮತ್ತೆ ಫೋಟೋ ಕಳಿಸಲು ಶುರು ಮಾಡಿತು. ಕಳ್ಳ ಅದನ್ನು ತನ್ನ ಜಾಗದಲ್ಲಿ ಕಟ್ಟಿದ್ದ, ಅದು ಇನ್ನೂ ಗೌಡ್ರ ಫೋನಿಗೇ ಕಳಿಸುತ್ತಿತ್ತು! ಅಗ್ಗದ ಮಾಡೆಲ್ಲು, ಎಲ್ಲಿದೆ ಅಂತ ಅದು ತೋರಿಸುವುದಿಲ್ಲ. ಗೌಡ್ರು ಉತ್ಸಾಹದಲ್ಲಿ ಆ ಪುಣ್ಯಾತ್ಮನಿಗೆ ಫೋಟೋ ಕಳಿಸಿದರು. ಹಿಂದೆ ಏನಾದರೂ ಗುರುತು ಕಾಣುತ್ತದಾ ಅಂತ ಅವನು ಕೇಳಿದ. "ಒಂದು ದೊಡ್ಡ ಮೇಪಲ್ ಮರ ಇದೆ," ಅಂದರು ಗೌಡ್ರು. ರಾಜ್ಯದ ಅರ್ಧಕ್ಕಿಂತ ಜಾಸ್ತಿ ಕಾಡೇ ಇರುವ ಮಿಶಿಗನ್ನಿನಲ್ಲಿ ಈ ಸುಳಿವು ಹಿಡಿದು ಯಾರೂ ಇನ್ನೂ ಹೊರಟಿಲ್ಲ.

ಸಿಮ್ಮಿನ ಪ್ಲಾನು ರದ್ದು ಮಾಡಿ, ಕಳ್ಳನಿಗೆ ನೀವೇ ಯಾಕೆ ತಿಂಗಳ ಬಿಲ್ಲು ಕಟ್ಟುತ್ತೀರಿ ಅಂತ ಮೊನ್ನೆ ಹೇಳಿದೆ. ಗೌಡ್ರು ಆ ಕಡೆ ಈ ಕಡೆ ನೋಡಿ ಫೋನು ನನ್ನ ಮುಂದೆ ಹಿಡಿದರು. ಮುಂಜಾವಿನ ಮಂಜಿನಲ್ಲಿ ಒಂದು ಗಂಡು ಜಿಂಕೆ, ಹತ್ತು ಕವಲಿನ ಕೊಂಬು, ಕ್ಯಾಮೆರಾದತ್ತಲೇ ನೋಡುತ್ತಾ ನಿಂತಿತ್ತು. ಗೌಡ್ರ ಜಾಗದಲ್ಲಿ ಆರು ವರ್ಷದಲ್ಲಿ ಅಂಥದ್ದೊಂದು ಕಾಣಿಸಿಕೊಂಡಿಲ್ಲ.

"ಅವನು ಕಳ್ಳನೇ ಇರಬಹುದು," ಅಂದರು, ಫೋಟೋವನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡುತ್ತಾ, "ಆದರೆ ಜಾಗ ನೋಡಿ, ಎಷ್ಟು ಚೆನ್ನಾಗಿ ಆರಿಸಿದ್ದಾನೆ!"

ಡಿಸೆಂಬರಿನ ಬಿಲ್ಲೂ ಕಟ್ಟಿದ್ದಾರೆ.