ನೊರೆ ಬಿಟ್ಟವಳ ತಲೆಸ್ನಾನ

ಗುಂಗುರು ಕೂದಲಿನವರು ತಮ್ಮ ತಲೆಯ ಬಗ್ಗೆ ಸ್ವಂತ ಅಭಿಪ್ರಾಯ ಇಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಊರಿನವರ ಬಳಿ ಅದು ಧಾರಾಳವಾಗಿ ಸಿದ್ಧವಿರುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತ ಹೆಂಗಸು "ಹುಟ್ಟಿನಿಂದಲೇ ಹೀಗೆಯೇ?" ಎಂದು ಅನುಕಂಪದಿಂದ ಕೇಳುತ್ತಾರೆ. ಮದುವೆಮನೆಯಲ್ಲಿ ಹೂವು ಮುಡಿಸಲು ಬಂದವರು, ಈಗಷ್ಟೇ ಚುಚ್ಚಿದ ಪಿನ್ನು ಎಲ್ಲಿ ಮಾಯವಾಯಿತೆಂದು ತಡಕಾಡಿ, ಸಿಗದೆ, ಇನ್ನೊಂದನ್ನು ಚುಚ್ಚುತ್ತಾರೆ. ನಾನು ಕೆಲಸ ಮಾಡುವ ಬ್ಯಾಂಕಿನ ಶಾಖೆಗೆ ಪಿಂಚಣಿಗಾಗಿ ಬರುವ ಹಿರಿಯರೊಬ್ಬರಿದ್ದಾರೆ. ಪಾಸ್‌ಬುಕ್ ಚಾಚುವ ಮೊದಲು ನನ್ನ ತಲೆಯನ್ನೊಮ್ಮೆ ನೋಡಿ, "ಕೊಬ್ಬರಿ ಎಣ್ಣೆ ಹಚ್ಚಬೇಕಮ್ಮ" ಎನ್ನುತ್ತಾರೆ. ಬಡ್ಡಿ ದರದ ಬಗ್ಗೆಯೂ ಅವರಿಗೆ ಇಷ್ಟು ಖಚಿತವಾದ ನಿಲುವಿಲ್ಲ.

ಈ ಸಾರ್ವಜನಿಕ ಆಸ್ತಿಯನ್ನು ಶಾಂಪೂವಿನ ಕೈಯಿಂದ ಬಿಡಿಸಿ ಕಂಡೀಷನರ್‌ನ ವಶಕ್ಕೆ ಒಪ್ಪಿಸಿದವಳು ನನ್ನ ಮಗಳು. ಬಿ.ಎಸ್ಸಿ. ಓದುತ್ತಾಳೆ, ಅದರಲ್ಲಿಯೂ ರಸಾಯನಶಾಸ್ತ್ರ. ನನ್ನ ಕೂದಲೇ ಅವಳಿಗೂ ಬಂದಿದೆ. ಹಾಗಾಗಿ ತನ್ನ ತಲೆಗೆ ಕೈಹಾಕುವ ಮೊದಲು ನನ್ನ ತಲೆಯ ಮೇಲೆ ಪ್ರಯೋಗ ಮಾಡುವುದು ವಿಜ್ಞಾನದ ಶಿಸ್ತು ಎಂದು ಅವಳು ತೀರ್ಮಾನಿಸಿದಳು.

ಅವಳ ವಾದ ಹೀಗಿತ್ತು. ನೆತ್ತಿಯ ಚರ್ಮ ತನ್ನ ಜಿಡ್ಡನ್ನು ತಾನೇ ತಯಾರಿಸುತ್ತದೆ. ನೆಟ್ಟಗಿನ ಕೂದಲಿನಲ್ಲಿ ಅದು ಬುಡದಿಂದ ತುದಿಗೆ ಸಲೀಸಾಗಿ ಇಳಿಯುತ್ತದೆ. ನಮ್ಮಂಥವರ ಕೂದಲಿನಲ್ಲಿ ಆ ಬಡಪಾಯಿ ಜಿಡ್ಡು ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಳಿದ ಹಾಗೆ ಇಳಿಯಬೇಕು. ಅರ್ಧ ದಾರಿಗೇ ಸುಸ್ತಾಗುತ್ತದೆ. ಆದ್ದರಿಂದಲೇ ನೆತ್ತಿ ಜಿಡ್ಡು, ತುದಿ ಹುಲ್ಲು. ಇಷ್ಟು ಸಾಲದೆಂಬಂತೆ ನಾವು ಸೋಡಿಯಂ ಲಾರಿಲ್ ಸಲ್ಫೇಟ್‌ನಂಥ ಖಡಕ್ ಮಾರ್ಜಕವಿರುವ ಶಾಂಪೂ ಸುರಿದು, ಇರುವ ಅಷ್ಟಿಷ್ಟನ್ನೂ ಗುಡಿಸಿ ಹಾಕುತ್ತೇವೆ. ಕಂಡೀಷನರ್‌ನ ಸ್ವಭಾವವೇ ಬೇರೆ. ಒದ್ದೆ ಕೂದಲಿನ ಮೇಲೆ ಋಣ ವಿದ್ಯುದಂಶ ಇರುತ್ತದೆ, ಕಂಡೀಷನರ್‌ನಲ್ಲಿ ಧನ ವಿದ್ಯುದಂಶದ ಅಣುಗಳಿರುತ್ತವೆ, ಎರಡೂ ಅಂಟಿಕೊಳ್ಳುತ್ತವೆ. ಆ ಅಣುಗಳಿಗೆ ಸ್ವಲ್ಪ ಕೊಳೆ ತೆಗೆಯುವ ಶಕ್ತಿಯೂ ಇದೆ. ಬರೀ ಅದರಿಂದಲೇ ತಲೆ ತೊಳೆದುಕೊಂಡರಾಯಿತು. ನ್ಯೂಯಾರ್ಕಿನಲ್ಲಿ ಗುಂಗುರು ಕೂದಲಿಗೆಂದೇ ಸಲೂನು ನಡೆಸುತ್ತಿದ್ದ ಲೊರೇನ್ ಮ್ಯಾಸಿ 2001ರಲ್ಲಿಯೇ ಇದರ ಬಗ್ಗೆ ಪುಸ್ತಕ ಬರೆದಿದ್ದಾರಂತೆ.

"ಸ್ವಲ್ಪ ಕೊಳೆ ಎಂದರೆ ಎಷ್ಟು?" ಎಂದು ನಾನು ಕೇಳಿದೆ. ಬ್ಯಾಂಕಿನವಳು, ಸ್ವಲ್ಪ ಎಂಬ ಪದದ ಮೇಲೆ ಸಹಿ ಹಾಕುವುದಿಲ್ಲ. ಅವಳು ಉತ್ತರಿಸದೆ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದಳು.

ಅಂಗಡಿಯಲ್ಲಿ ಮೊದಲ ನಿಯಮ ತಿಳಿಯಿತು: ಸಿಲಿಕೋನ್ ಇರಬಾರದು. ನೀರಿನಲ್ಲಿ ಕರಗದ ಸಿಲಿಕೋನನ್ನು ತೆಗೆಯಲು ಮತ್ತೆ ಶಾಂಪೂವೇ ಬೇಕಾಗುತ್ತದೆ. ಹೀಗಾಗಿ ಬಾಟಲಿಯ ಬೆನ್ನ ಮೇಲಿನ ಪಟ್ಟಿಯಲ್ಲಿ "ಕೋನ್" ಎಂದು ಮುಗಿಯುವ ಯಾವ ಹೆಸರೂ ಕಾಣಿಸಬಾರದು. ಡೈಮೆಥಿಕೋನ್ ಬೇಡ, ಅಮೋಡೈಮೆಥಿಕೋನ್ ಅಂತೂ ಬೇಡವೇ ಬೇಡ. ಆ ಅಕ್ಷರಗಳಾದರೋ, ಸಾಲದ ಕರಾರುಪತ್ರದ ಷರತ್ತುಗಳನ್ನೇ ದಪ್ಪಕ್ಷರವೆನ್ನಿಸುವಷ್ಟು ಚಿಕ್ಕವು. ನಾನು ಕನ್ನಡಕ ಹಣೆಗೇರಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ಹಿಗ್ಗಿಸಿ ಓದುತ್ತಿದ್ದರೆ ಅಂಗಡಿಯ ಹುಡುಗ ನನ್ನನ್ನು ಆಹಾರ ಇಲಾಖೆಯವಳೆಂದು ತಿಳಿದು ಸೊಂಟದ ಮೇಲಿನ ಕೈ ಇಳಿಸಿದ.

"ಮೇಡಂ, ಶಾಂಪೂ ತೆಗೆದುಕೊಂಡರೆ ಕಂಡೀಷನರ್ ಉಚಿತ."

"ನನಗೆ ಶಾಂಪೂ ಬೇಡ."

"ಉಚಿತ, ಮೇಡಂ."

"ಕಂಡೀಷನರ್ ತಾನೇ ಉಚಿತ? ಅದನ್ನೇ ಕೊಡಿ."

"ಶಾಂಪೂ ತೆಗೆದುಕೊಂಡರೆ, ಮೇಡಂ."

ಈ ಸಂವಾದದಿಂದ ಮಾರುಕಟ್ಟೆ ಯಾವ ಪಕ್ಷದಲ್ಲಿದೆ ಎಂಬುದು ಸ್ಪಷ್ಟವಾಯಿತು. ಶಾಂಪೂ ಒಂದು ಲೀಟರಿನ ಬಾಟಲಿಯಲ್ಲಿಯೂ ಸಿಗುತ್ತದೆ. ಕಂಡೀಷನರ್ ಸಾಮಾನ್ಯವಾಗಿ 180 ಮಿಲಿಲೀಟರಿನ ಆಸುಪಾಸಿನಲ್ಲಿ, ತಲೆಕೆಳಗಾಗಿ ನಿಂತಿರುತ್ತದೆ. ಅದು ತುದಿಗೂದಲಿಗೆ ಚೂರು ಸವರಿಕೊಳ್ಳಲು ಮಾಡಿದ್ದು. ಇಡೀ ತಲೆ ಅದರಲ್ಲಿ ಮೀಯಿಸಿದರೆ ಎಷ್ಟು ದಿನ ಬಂದೀತು? ಸಂಬಳದ ಲೆಕ್ಕದಲ್ಲಿ "ಕೇಶ" ಎಂಬ ಪ್ರತ್ಯೇಕ ಖಾತೆ ತೆರೆಯಬೇಕಾಯಿತು.

ಮೊದಲ ಸ್ನಾನದಲ್ಲಿ ಎದುರಾದ ದೊಡ್ಡ ಸಮಸ್ಯೆ ಕೂದಲಿನದಲ್ಲ, ನಂಬಿಕೆಯದು. ನೊರೆ ಬರುವುದಿಲ್ಲ. ಎಷ್ಟು ಉಜ್ಜಿದರೂ ಬರುವುದಿಲ್ಲ. ನೊರೆಗೂ ಶುಚಿತ್ವಕ್ಕೂ ನೇರ ಸಂಬಂಧವಿಲ್ಲ ಎಂದು ಮಗಳು ಬಾಗಿಲಾಚೆಯಿಂದ ಪಾಠ ಹೇಳುತ್ತಿದ್ದಳು. ಆದರೆ ಬಟ್ಟೆಯಿಂದ ಪಾತ್ರೆಯವರೆಗೆ ನೊರೆ ಕಂಡಷ್ಟೂ ಕೊಳೆ ಹೋಯಿತೆಂದು ನಂಬಿ ಬೆಳೆದ ಕೈಗಳು ಆ ಪಾಠವನ್ನು ಒಪ್ಪಬೇಕಲ್ಲ? ಅವು ಇನ್ನಷ್ಟು ಹಿಂಡಿಕೊಂಡವು, ಮತ್ತಷ್ಟು ಉಜ್ಜಿದವು. ತಲೆ ಜಾರತೊಡಗಿತೇ ಹೊರತು ನೊರೆಯ ಸುಳಿವಿಲ್ಲ. ಇದೆಲ್ಲವನ್ನೂ ತೊಳೆಯಲು ಹೊರಟಾಗ, ನಮ್ಮ ಮನೆಯ 15 ಲೀಟರಿನ ಗೀಸರು ತನ್ನ ಪಾಲಿನ ಕರ್ತವ್ಯ ಮುಗಿಸಿ ತಣ್ಣೀರು ಬಿಡಲಾರಂಭಿಸಿತು.

ಆ ಹೊತ್ತಿಗೆ 2024ರ ಬೇಸಿಗೆ. ಬೆಂಗಳೂರಿನ ಕೊಳವೆಬಾವಿಗಳು ಒಂದೊಂದಾಗಿ ಕೈಕೊಟ್ಟಿದ್ದವು. ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬಂದರೆ ಬೀಗರು ಬಂದಷ್ಟು ಸಡಗರ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಗಷ್ಟೇ ಆದೇಶ ಹೊರಡಿಸಿತ್ತು. ನನ್ನ ಪತಿ ಸ್ನಾನದ ಮನೆಯ ಹೊರಗೆ ಪತ್ರಿಕೆ ಹಿಡಿದು ನಿಂತು ಆ ಸುದ್ದಿಯನ್ನು ಗಟ್ಟಿಯಾಗಿ ಓದಿದರು. ಬಳಿಕ, "ತಲೆಯ ಬಗ್ಗೆ ಇದರಲ್ಲಿ ಏನೂ ಬರೆದಿಲ್ಲ, ನಿಧಾನವಾಗಿಯೇ ಬಾ" ಎಂದರು. ಅವರಿಗೆ ಈ ಔದಾರ್ಯ ಸುಲಭ. ತಲೆಯ ಮೇಲೆ ಕಿವಿಯಿಂದ ಕಿವಿಗೆ ಹಿಂಬದಿಯಲ್ಲೊಂದು ಗಡಿರೇಖೆ ಬಿಟ್ಟರೆ ಅವರದು ಬಯಲುಸೀಮೆ. ಒಂದು ಚೆಂಬು ನೀರಿನಲ್ಲಿ ಅವರ ತಲೆಸ್ನಾನ ಮುಗಿದು, ಉಳಿದ ನೀರು ತುಳಸಿಗೂ ಆಗುತ್ತದೆ.

ಒಣಗಿಸುವುದಕ್ಕೂ ನಿಯಮವಿತ್ತು. ಒರಟು ಟವೆಲ್ಲಿನಿಂದ ಉಜ್ಜಿದರೆ ಸುರುಳಿ ಕೆದರುತ್ತದೆ, ಮೆತ್ತನೆಯ ಹತ್ತಿಯ ಟೀ ಶರ್ಟಿನಲ್ಲಿ ಕಟ್ಟಬೇಕು. ಮನೆಯಲ್ಲಿದ್ದ ಅತ್ಯಂತ ಮೆತ್ತನೆಯ ಹತ್ತಿಯೆಂದರೆ ಪತಿಯ ಕಚೇರಿಯವರು ಎಂದೋ ಓಟದ ಸ್ಪರ್ಧೆಗೆ ಕೊಟ್ಟಿದ್ದ ಅಂಗಿ. ಅದರ ತೋಳುಗಳನ್ನು ನೆತ್ತಿಯ ಮೇಲೆ ಗಂಟು ಹಾಕಿಕೊಂಡು ನಾನು ಕೊರಿಯರ್ ಹುಡುಗನಿಗೆ ಬಾಗಿಲು ತೆರೆದೆ. ಹಣೆಯ ಮೇಲೆ "ಗುರಿ ಮುಟ್ಟುವ ತನಕ ನಿಲ್ಲದಿರಿ" ಎಂದು ಅಚ್ಚಾಗಿತ್ತು. ಆತ ಸಹಿ ಕೂಡ ಕೇಳದೆ ಮೆಟ್ಟಿಲಿಳಿದ.

ಅತ್ತೆಯವರು ಇದನ್ನೆಲ್ಲ ಮೌನವಾಗಿ ಗಮನಿಸುತ್ತಿದ್ದರು. ಮಂಡ್ಯದ ಕಡೆಯವರು, ಸೀಗೆಕಾಯಿ, ಅಂಟುವಾಳ, ಸುಜ್ಜಲ ಪುಡಿಯ ಹೊರತು ಬೇರೆಯದನ್ನು ನೆತ್ತಿಗೆ ಮುಟ್ಟಿಸದವರು. ಅವರ ಮೌನ ಮುರಿದದ್ದು ಸ್ನಾನದ ಮನೆಯ ನೆಲದಿಂದಾಗಿ. ಕಂಡೀಷನರ್ ಎಂದರೆ ಬಹುಪಾಲು ನೀರು ಮತ್ತು ಮೇಣದಂಥ ಕೊಬ್ಬಿನ ಮದ್ಯಸಾರ. ಇದರಲ್ಲಿ ಅಮಲೇರುವಂಥದ್ದೇನೂ ಇಲ್ಲ, ಆದರೆ ಟೈಲ್ಸ್ ಮೇಲೆ ತೆಳುವಾಗಿ ಹರಡಿದರೆ ಕಾಲಿಟ್ಟವರು ತೂರಾಡುವುದು ಖಂಡಿತ. ಅತ್ತೆಯವರು ಒಳಗೆ ಹೋದವರು ನಲ್ಲಿಯನ್ನು ಅಪ್ಪಿಕೊಂಡು, "ಏನಮ್ಮ, ಮಗ ಸೊಸೆ ಸೇರಿ ಆಸ್ತಿ ಬರೆಸಿಕೊಂಡಾಯಿತೇನು?" ಎಂದು ಕೂಗಿದರು. ನೆಲದ ಜಿಡ್ಡನ್ನು ಬಿಸಿನೀರಿನಿಂದ ತೊಳೆದೆವು, ಹೋಗಲಿಲ್ಲ. ಕೊನೆಗೆ ಅಟ್ಟಕ್ಕೆ ಸೇರಿಸಿದ್ದ ಹಳೆಯ ಶಾಂಪೂ ಬಾಟಲಿ ಇಳಿಸಿ ಉಜ್ಜಿದೆವು. ಎಂಥ ನೊರೆ ಬಂತೆಂದರೆ, ನಾನು ಪೊರಕೆ ಹಿಡಿದು ಸ್ವಲ್ಪ ಹೊತ್ತು ಆಸೆಯಿಂದ ನೋಡುತ್ತ ನಿಂತೆ. ಅಂದಿನಿಂದ ವಾರಕ್ಕೊಮ್ಮೆ ನೆಲಕ್ಕೆ ಶಾಂಪೂ, ತಲೆಗೆ ಕಂಡೀಷನರ್ ಎಂಬ ವ್ಯವಸ್ಥೆ ಜಾರಿಗೆ ಬಂತು.

ಪಂಥದ ಗ್ರಂಥಗಳ ಪ್ರಕಾರ ನೆತ್ತಿಗೆ "ಹೊಂದಾಣಿಕೆಯ ಅವಧಿ" ಎಂಬುದೊಂದಿದೆ. ಶಾಂಪೂ ನಿಂತದ್ದು ತಿಳಿದು ಚರ್ಮ ಕ್ರಮೇಣ ಜಿಡ್ಡು ತಯಾರಿಸುವುದನ್ನು ಕಡಿಮೆ ಮಾಡುತ್ತದಂತೆ. ಇದನ್ನು ನಾನು ನಂಬುವುದಿಲ್ಲ. ಜಿಡ್ಡಿನ ಗ್ರಂಥಿಗಳು ಹಾರ್ಮೋನುಗಳ ಮಾತು ಕೇಳುತ್ತವೆ. ಮೇಲೆ ನಾವು ಏನು ಸುರಿಯುತ್ತಿದ್ದೇವೆ ಎಂಬುದು ಅವುಗಳಿಗೆ ಸಂಬಂಧಿಸಿದ ವಿಷಯವೇ ಅಲ್ಲ. ಆ ಅವಧಿಯಲ್ಲಿ ಹೊಂದಿಕೊಳ್ಳಬೇಕಾದವರು ಅಕ್ಕಪಕ್ಕದವರು. ಬ್ಯಾಂಕಿನಲ್ಲಿ ನನ್ನ ತಲೆ ಮಧ್ಯಾಹ್ನದ ಹೊತ್ತಿಗೆ ಮಿರುಗತೊಡಗಿತು. ಪಿಂಚಣಿಯ ಹಿರಿಯರು ಮಾತ್ರ ಬಹಳ ಸಂತೋಷಪಟ್ಟರು. "ನೋಡಿದಿರಾ, ಎಣ್ಣೆ ಹಚ್ಚಿದ್ದೀರಿ. ಎಷ್ಟು ಲಕ್ಷಣ!"

ನ್ಯಾಯವಾಗಿ ಹೇಳಬೇಕೆಂದರೆ ಕೂದಲು ಸುಧಾರಿಸಿತು. ತುದಿಯ ಹುಲ್ಲು ಮೆತ್ತಗಾಯಿತು, ಬಾಚಣಿಗೆಯ ಹಲ್ಲು ಮುರಿಯುವುದು ನಿಂತಿತು, ಸುರುಳಿಗಳು ಬಿಡಿಬಿಡಿಯಾಗಿ ನಿಂತವು. ಒಂದು ದಿನ ಲಿಫ್ಟಿನ ಕನ್ನಡಿಯಲ್ಲಿ ನನ್ನನ್ನು ನೋಡಿ ನಾನೇ ಒಂದು ಮಹಡಿ ಹೆಚ್ಚು ಹೋದೆ. ಈ ಸುಖ ದೀಪಾವಳಿಯವರೆಗೆ ನಡೆಯಿತು.

ನರಕ ಚತುರ್ದಶಿಯ ಅಭ್ಯಂಜನದ ವಿಷಯದಲ್ಲಿ ಅತ್ತೆಯವರು ಯಾರ ಮಾತನ್ನೂ ಕೇಳುವವರಲ್ಲ. ಹಿಂದಿನ ಸಂಜೆ ನೀರು ತುಂಬುವ ಶಾಸ್ತ್ರ. ಹಂಡೆಯಿಲ್ಲದ ಮನೆಯಲ್ಲಿ ಗೀಸರಿಗೇ ಅರಿಸಿನ ಕುಂಕುಮವಿಟ್ಟು, ಅದರ ಕೊಳವೆಗೆ ಹಾಗಲ ಬಳ್ಳಿ ಸುತ್ತಿದರು. ಬೆಳಗಿನ ಜಾವ ನನ್ನನ್ನು ಮಣೆಯ ಮೇಲೆ ಕೂರಿಸಿ, ಬಟ್ಟಲು ತುಂಬ ಹರಳೆಣ್ಣೆ ತಂದು, ನೆತ್ತಿಗೆ ತಟ್ಟಿ ತಟ್ಟಿ ಇಳಿಸಿದರು. ಸೀಗೆಪುಡಿ ಕಲಸಿಟ್ಟಿದ್ದೇನೆ ಎಂದರು. ಮಗಳು ಅಡ್ಡ ಬಂದಳು: ಸೀಗೆಯಲ್ಲಿರುವ ಸಪೋನಿನ್ ಕೂಡ ಒಂದು ಮಾರ್ಜಕವೇ, ಇಷ್ಟು ತಿಂಗಳ ಸಾಧನೆ ಮಣ್ಣುಪಾಲಾಗುತ್ತದೆ. ಅಜ್ಜಿ ಮೊಮ್ಮಗಳ ನಡುವಿನ ಈ ಚರ್ಚೆಯಲ್ಲಿ ತಲೆಯ ಒಡತಿಯ ಮತ ಯಾರೂ ಕೇಳಲಿಲ್ಲ. ಮೊಮ್ಮಗಳು ಗೆದ್ದಳು. ನಾನು ಕಂಡೀಷನರ್ ಹಿಡಿದು ಒಳಗೆ ಹೋದೆ.

ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 90ರಷ್ಟು ರಿಸಿನೋಲಿಕ್ ಆಮ್ಲ, ಅದಕ್ಕೇ ಅದು ಅಡುಗೆ ಎಣ್ಣೆಗಳಿಗಿಂತ ಅಷ್ಟು ಮಂದ ಎಂದು ಮಗಳು ಆಮೇಲೆ ವಿವರಿಸಿದಳು. ಆಮೇಲೆ, ಅಂದರೆ ಬಾಟಲಿ ಪೂರ್ತಿ ಖಾಲಿಯಾಗಿ, ನನ್ನ ತಲೆಯಿಂದ ಹೊಸ ಸೀರೆಯ ಸೆರಗಿಗೆ ಎಣ್ಣೆ ಇಳಿಯುತ್ತಿದ್ದಾಗ. ಎಣ್ಣೆ ಹೋಗಿರಲಿಲ್ಲ, ಅದರ ಜೊತೆಗೆ ಕಂಡೀಷನರ್ ಕೂಡ ಉಳಿದುಕೊಂಡಿತ್ತು. ಮಾರ್ಜಕವಲ್ಲದ ಉಪಾಯವೆಂದು ಕಡಲೆಹಿಟ್ಟು ಸೂಚಿತವಾಯಿತು. ಹಿಟ್ಟು ಎಣ್ಣೆಯನ್ನು ಹೀರಿತು, ಒಪ್ಪುತ್ತೇನೆ. ಹೀರಿದ ಮೇಲೆ ಸುರುಳಿಗಳ ಒಳಗೇ ನೆಲೆಸಿತು. ಹಬ್ಬಕ್ಕೆ ಬಂದ ನಾದಿನಿಯ ಮಗ ನನ್ನ ಹತ್ತಿರ ಕುಳಿತವನು ಮೂಗರಳಿಸಿ, "ಅತ್ತೆ, ಬಜ್ಜಿ ಯಾವಾಗ ಕೊಡುತ್ತೀರಿ?" ಎಂದು ಕೇಳಿದ. ಆ ದಿನದ ಫೋಟೋಗಳಲ್ಲಿ ಎಲ್ಲರ ಕೈಯಲ್ಲೂ ಹೂಕುಂಡ, ನನ್ನ ತಲೆಯ ಮೇಲೆ ಮಾತ್ರ ಟೀ ಶರ್ಟು.

ಸಾಗರದಲ್ಲಿರುವ ಅಮ್ಮನಿಗೆ ಫೋನು ಮಾಡಿದೆ. ನಾವು ಚಿಕ್ಕವರಿದ್ದಾಗ ಅವಳು ದಾಸವಾಳದ ಎಲೆ ಕಿವುಚಿ ಗೊಂಪು ಮಾಡಿ ತಲೆಗೆ ಹಾಕುತ್ತಿದ್ದಳು. ಅದರಲ್ಲಿಯೂ ನೊರೆಯಿಲ್ಲ, ಬರೀ ಲೋಳೆ. ಹಳೆಯ ಕಾಲದ ಜ್ಞಾನವನ್ನು ಹೊಗಳಿ, ಅವಳಿಂದ ನಾಲ್ಕು ಸಮಾಧಾನದ ಮಾತು ಪಡೆಯುವುದು ನನ್ನ ಯೋಜನೆ.

"ಆ ಗೊಂಪಿನ ಸುದ್ದಿ ಎತ್ತಬೇಡ ಮಾರಾಯ್ತಿ," ಎಂದಳು ಅಮ್ಮ. "ನಿನ್ನ ತಲೆಯಿಂದ ಎಲೆಯ ಚೂರು ಆರಿಸುವುದರಲ್ಲಿ ನನ್ನ ಅರ್ಧ ಆಯುಸ್ಸು ಹೋಯಿತು. ಬಾವಿಯಿಂದ ನೀರು ಸೇದಿ ಸೇದಿ ರಟ್ಟೆ ಬಿದ್ದು ಹೋಗುತ್ತಿತ್ತು. ಪೇಟೆಯಲ್ಲಿ ಶಾಂಪೂ ಚೀಟಿ ಸಿಗತೊಡಗಿದ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ."

ಹಬ್ಬ ಕಳೆದ ಮೇಲೆ ನೆತ್ತಿ ತುರಿಸತೊಡಗಿತು. ಎಲ್ಲರ ತಲೆಯಲ್ಲೂ ವಾಸಿಸುವ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಚರ್ಮದ ಜಿಡ್ಡೇ ಆಹಾರ, ಹೊಟ್ಟಿಗೆ ಅದೂ ಒಂದು ಕಾರಣ. ನಾನು ಅದಕ್ಕೆ ಇಷ್ಟು ದಿನ ಅನ್ನದಾನ ನಡೆಸುತ್ತಿದ್ದೆ. ಸಲ್ಫೇಟ್ ಇಲ್ಲದ ಸೌಮ್ಯ ಶಾಂಪೂವನ್ನು ಆಗಾಗ ಬಳಸಬಹುದೆಂದು ಮಗಳು ವಿನಾಯಿತಿ ಕೊಟ್ಟಳು. ಅದರ ಬೆಲೆ ನೋಡಿದ ಮೇಲೆ ತುರಿಕೆಯೇ ಸೌಮ್ಯವೆನಿಸಿತು.

ಒಂದು ಸಂಜೆ ಬ್ಯಾಂಕಿನಿಂದ ಬರುವಾಗ ಮೂಲೆಯಂಗಡಿಯಲ್ಲಿ ಶಾಂಪೂ ಚೀಟಿಗಳ ಸರ ಗಾಳಿಗೆ ಹೊಳೆಯುತ್ತಿತ್ತು. ಒಂದಕ್ಕೆ 1 ರೂಪಾಯಿ. ಅಕ್ಕಪಕ್ಕ ನೋಡಿ ಎರಡು ಹರಿಸಿಕೊಂಡು, ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಇಟ್ಟುಕೊಂಡೆ. ಮಗಳು ಕಾಲೇಜಿಗೆ ಹೋದ ಸಮಯ ನೋಡಿ ಬಾಗಿಲು ಹಾಕಿಕೊಂಡೆ. ಆಹಾ, ಆ ನೊರೆ! ಕಿವಿಯ ಹಿಂದೆ, ಕತ್ತಿನ ಮೇಲೆ, ಮೊಣಕೈವರೆಗೆ ನೊರೆ. ಕೂದಲನ್ನು ಬೆರಳಲ್ಲಿ ಹಿಡಿದು ಎಳೆದರೆ ಕಿರ್ ಎಂದು ಸದ್ದು. ಮಾರನೆಯ ದಿನಕ್ಕೆ ತಲೆ ಮತ್ತೆ ಹುಲ್ಲಿನ ಬಣವೆಯಾಗುತ್ತದೆಂದು ಗೊತ್ತಿದ್ದೂ ಎರಡನೆಯ ಚೀಟಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದೆ. ಅದರ ಮೇಲೆ, ತುದಿಗೆ ಮಾತ್ರ, ಕಂಡೀಷನರ್. ಬಾಟಲಿಯ ಬೆನ್ನ ಮೇಲೆ ಮೊದಲಿಂದಲೂ ಬರೆದಿದ್ದ ವಿಧಾನವೂ ಇದೇ.

ಸಂಜೆ ಮಗಳು ಕಸದ ಬುಟ್ಟಿಯಿಂದ ಆ ಎರಡು ಖಾಲಿ ಚೀಟಿಗಳನ್ನು ಚಿಮುಟದಲ್ಲಿ ಹಿಡಿದು ತಂದು ಊಟದ ಮೇಜಿನ ಮೇಲೆ ಇಟ್ಟಳು. ಅತ್ತೆಯವರು ಸಾರಿನ ತಟ್ಟೆಯಿಂದ ತಲೆಯೆತ್ತಲಿಲ್ಲ. ನಾನು ಹಪ್ಪಳ ಮುರಿಯುತ್ತಿದ್ದೆ.

"ಯಾರದು ಇದು?"

"ನನ್ನದು," ಎಂದರು ನನ್ನ ಪತಿ.

ಮಗಳು ಅಪ್ಪನ ತಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಯಾವ ಕೂದಲಿಗೆ, ಅಪ್ಪ? ಅದೂ ಎರಡು ಚೀಟಿ?"

"ಮೀಸೆಗೆ," ಎಂದು ಅವರು ಸಾರು ಬಡಿಸಿಕೊಂಡರು.