ಅಣ್ಣನ ಫೋಟೋ

ಅಮೆರಿಕದ ಸ್ಯಾನ್ ಹೋಸೆಯ ನಮ್ಮ ಹಿತ್ತಲಿಗೆ ವರ್ಷವಿಡೀ ಬರುವ ಹಕ್ಕಿಯ ಹೆಸರು ಅನ್ನಾಸ್ ಹಮ್ಮಿಂಗ್‌ಬರ್ಡ್. ಅನ್ನಾ ಮಸೇನಾ ಅನ್ನೋ ಫ್ರೆಂಚ್ ಡಚೆಸ್ ನೆನಪಿಗೆ ಇಟ್ಟಿದ್ದು. ಹಾಸನದಿಂದ ಬಂದಿರುವ ಅಮ್ಮನಿಗೆ ಡಚೆಸ್ ಕಟ್ಟಿಕೊಂಡು ಏನಾಗಬೇಕು? ಮೊದಲ ದಿನವೇ ಅದು "ಅಣ್ಣ" ಆಯಿತು. "ಅಣ್ಣ ಬಂದ ನೋಡೋ!" ಅಂದ ಕೂಡಲೇ ನಾನು ಕ್ಯಾಮೆರಾ ಹಿಡಿದು ಓಡಬೇಕು.

ಓಡೋದೇನೋ ಸರಿ, ಬೆಳಕೆಲ್ಲಿದೆ? ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ 5 ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ನನ್ನ ಕೊನೆಯ ಮೀಟಿಂಗ್ ಮುಗಿಯೋದೂ ಆಗಲೇ, ಅಣ್ಣನಿಗೂ ಅದೇ ಊಟದ ಹೊತ್ತು, ರಾತ್ರಿಯ ಚಳಿ ಕಳೆಯಬೇಕಲ್ಲ, ನಾವು ತೂಗುಹಾಕಿದ ಬಾಟಲಿಯಿಂದ ಹೊಟ್ಟೆ ಬಿರಿಯ ಸಕ್ಕರೆ ನೀರು ಕುಡಿಯುತ್ತಾನೆ. ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು, ಅಷ್ಟೇ. ಏಲಕ್ಕಿ ಹಾಕಬಾರದು ಅಂತ ಅಮ್ಮನಿಗೆ ಎರಡು ಸಲ ಹೇಳಬೇಕಾಯಿತು.

ತೂಗಿದರೆ 4 ಗ್ರಾಂ ಆಸುಪಾಸಿನ ಜೀವ, ರೆಕ್ಕೆ ಮಾತ್ರ ಸೆಕೆಂಡಿಗೆ 40-50 ಸಲ ಬಡಿಯುತ್ತೆ. ಆ ರೆಕ್ಕೆ ನಿಂತ ಹಾಗೆ ಕಾಣಬೇಕಾದರೆ ಶಟರ್ ಸ್ಪೀಡ್ (ಕ್ಯಾಮೆರಾ ಬೆಳಕಿಗೆ ಕಣ್ಣು ತೆರೆದಿರುವ ಹೊತ್ತು) ಸೆಕೆಂಡಿನ 1/2000 ಆದರೂ ಬೇಕು. ಇಟ್ಟೆ. ಫೋಟೋ ಪೂರ್ತಿ ಕಪ್ಪು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 12800ಕ್ಕೆ ಏರಿಸಿದೆ. ಹಕ್ಕಿ ಬಂತು, ಆದರೆ ಚಿರೋಟಿ ರವೆಯಲ್ಲಿ ಹೊರಳಾಡಿ ಬಂದ ಹಾಗಿತ್ತು. ಶಟರ್ ಸ್ಪೀಡ್ ಇಳಿಸಿದೆ. ಈ ಸಲ ಬಾಟಲಿ ಬಹಳ ಸ್ಪಷ್ಟ, ಪಕ್ಕದಲ್ಲಿ ಒಂದಿಷ್ಟು ಹಸಿರು ಹೊಗೆ. ಕೊನೆಗೆ ಫ್ಲ್ಯಾಶ್ ಸಿಕ್ಕಿಸಲು ಹೋದೆ. "ಉಣ್ಣೋರ ಮುಖಕ್ಕೆ ಟಾರ್ಚ್ ಬಿಡ್ತಾರೇನೋ?" ಅಂದಳು ಅಮ್ಮ. ಫ್ಲ್ಯಾಶ್ ವಾಪಸ್ ಬ್ಯಾಗಿಗೆ.

ಹನ್ನೊಂದನೇ ದಿನ ತಲೆಗೆ ಹೊಳೆಯಿತು (ಇಂಜಿನಿಯರ್ ಅಂತೆ ನಾನು!). ಹಾರುವಾಗಲೇ ಯಾಕೆ ತೆಗೀಬೇಕು? ಕುಡಿದಾದ ಮೇಲೆ ನಿಂಬೆ ಗಿಡದ ಅದೇ ಕಡ್ಡಿಯ ಮೇಲೆ ದಿನಾ ಕೂರುತ್ತಾನಲ್ಲ! ಟ್ರೈಪಾಡ್ ನಿಲ್ಲಿಸಿದೆ, ಶಟರ್ 1/60ಕ್ಕೆ ತಂದೆ, ಉಸಿರು ಬಿಗಿಹಿಡಿದು ಒತ್ತಿದೆ. ಬಂತು! ಗರಿ ಗರಿ ಎಣಿಸಬಹುದು.

ಆದರೆ ಕೊರಳಿನ ಆ ಜಗಮಗ ಗುಲಾಬಿ? ಅದು ಬಳಿದ ಬಣ್ಣ ಅಲ್ಲ, ಬೆಳಕು ಸರಿಯಾದ ಕೋನದಲ್ಲಿ ಬಿದ್ದರಷ್ಟೇ ಗರಿಗಳಲ್ಲಿ ಹೊಳೆಯುವಂಥದ್ದು. ಬೆಳಕಿಲ್ಲ, ಹಾಗಾಗಿ ಕೊರಳು ಮಸಿ. ಮಹಾರಾಯ ನೇರ ನನ್ನನ್ನೇ ನೋಡುತ್ತಿದ್ದರಿಂದ ಸೂಜಿಯಂಥ ಕೊಕ್ಕೂ ಬರೀ ಒಂದು ಚುಕ್ಕೆ.

ಅಮ್ಮ ಅದನ್ನೇ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಬೆಳಿಗ್ಗೆ ನೋಡಿದರೆ ಚಿಕ್ಕಪ್ಪನ ಉತ್ತರ: "ಗಂಡು ಗುಬ್ಬಿ ಚೆನ್ನಾಗಿ ಬಂದಿದೆ ಕಣೋ. ಅಲ್ಲೂ ಇವೆಯಾ?"